ಪಾಸ್‌ಬುಕ್ ಅವಳ ಹೆಸರಲ್ಲಿ, ಮೊಬೈಲ್ ನಂಬರ್ ಅವನದು

2024ರ ಜುಲೈ 10ರಂದು ಸುಪ್ರೀಂ ಕೋರ್ಟ್ ಒಂದು ಮಹತ್ವದ ತೀರ್ಪು ಕೊಟ್ಟಿತು. ವಿಚ್ಛೇದಿತ ಮುಸ್ಲಿಂ ಮಹಿಳೆಯೂ ಅಪರಾಧ ಪ್ರಕ್ರಿಯಾ ಸಂಹಿತೆಯ 125ನೇ ಕಲಮಿನಡಿ ಜೀವನಾಂಶ ಕೇಳಬಹುದು ಎಂಬುದು ಅದರ ಸಾರ. ಸಹಮತದ ಪ್ರತ್ಯೇಕ ತೀರ್ಪು ಬರೆದ ನ್ಯಾಯಮೂರ್ತಿ ಬಿ.ವಿ. ನಾಗರತ್ನ ಅವರು ಅಷ್ಟಕ್ಕೇ ನಿಲ್ಲದೆ ಮನೆಯೊಳಗಿನ ಹಣದ ಮಾತನ್ನೂ ಎತ್ತಿದರು. ಸ್ವಂತ ಆದಾಯವಿಲ್ಲದ ಗೃಹಿಣಿ ತಿಂಗಳ ಖರ್ಚಿನಲ್ಲೇ ಅಷ್ಟಿಷ್ಟು ಉಳಿಸಿಕೊಳ್ಳುವುದು ಗಂಡನ ಮುಂದೆ, ಅತ್ತೆಮನೆಯವರ ಮುಂದೆ ಕೈಯೊಡ್ಡುವುದನ್ನು ತಪ್ಪಿಸಿಕೊಳ್ಳಲಿಕ್ಕಾಗಿಯೂ ಇರಬಹುದು ಎಂದು ಅವರು ಗುರುತಿಸಿದರು. ಗಂಡಂದಿರು ಹೆಂಡತಿಯ ಜೊತೆ ಜಂಟಿ ಖಾತೆ ತೆರೆಯಬೇಕು, ಎಟಿಎಂ ಬಳಸುವ ಅವಕಾಶವನ್ನು ಹಂಚಿಕೊಳ್ಳಬೇಕು ಎಂದು ಸಲಹೆ ಕೊಟ್ಟರು. ನ್ಯಾಯಪೀಠದಿಂದ ಇಂಥ ಮಾತು ಬರುವುದು ಅಪರೂಪ. ಕರ್ನಾಟಕದವರೇ ಆದ ನ್ಯಾಯಮೂರ್ತಿಯೊಬ್ಬರು ಅದನ್ನು ಬರೆದರೆಂಬುದು ನಮಗೆ ಹೆಮ್ಮೆಯ ವಿಷಯ.

ಆದರೆ ಸಲಹೆ ಒಳ್ಳೆಯದೆಂದ ಮಾತ್ರಕ್ಕೆ ಅದು ಎಲ್ಲ ಮನೆಗೂ ಹೊಂದುತ್ತದೆ ಎಂದಲ್ಲ. ಅದನ್ನು ಒಂದು ನಿಜವಾದ ಊರಿಗೆ ತಂದು ನೋಡಬೇಕು. ಹೊಸಪೇಟೆಯಿಂದ ಚಿತ್ರದುರ್ಗಕ್ಕೆ ಹೋಗುವ ಹೆದ್ದಾರಿಯಲ್ಲಿ ಕೂಡ್ಲಿಗಿ ದಾಟಿದರೆ ಕಾನಹೊಸಹಳ್ಳಿ ಸಿಗುತ್ತದೆ. ಈ ಹೊಸಹಳ್ಳಿ ಸೀಮೆಯಲ್ಲಿ, ಹಾಗೆಯೇ ಕೊಟ್ಟೂರು, ಹರಪನಹಳ್ಳಿ ಕಡೆಯ ಬಹುಪಾಲು ಊರುಗಳಲ್ಲಿ, ಬೇಸಾಯ ಮಳೆಯನ್ನೇ ನಂಬಿದೆ. ಶೇಂಗಾ, ಮೆಕ್ಕೆಜೋಳ, ಸಜ್ಜೆ ಕೈಹಿಡಿದ ವರ್ಷ ಮನೆಯಲ್ಲಿ ಹಣ ಓಡಾಡುತ್ತದೆ. ಕೈಕೊಟ್ಟ ವರ್ಷ ಜನ ಬೆಂಗಳೂರಿಗೆ, ಮಲೆನಾಡಿನ ಕಾಫಿ ತೋಟಗಳಿಗೆ ಗುಳೆ ಹೋಗುತ್ತಾರೆ. ಇಲ್ಲಿ ‘ಗೃಹಿಣಿ’ ಎಂದು ಬರೆಸಿಕೊಳ್ಳುವ ಹೆಂಗಸು ಕಳೆ ತೆಗೆಯುತ್ತಾಳೆ, ಶೇಂಗಾ ಬಿಡಿಸುತ್ತಾಳೆ, ಕೂಲಿಗೆ ಹೋಗುತ್ತಾಳೆ. ಅವಳಿಗೆ ಆದಾಯವಿದೆ. ಆ ಆದಾಯದ ಮೇಲೆ ಅವಳ ಹಿಡಿತ ಎಷ್ಟಿದೆ ಎಂಬುದೇ ಪ್ರಶ್ನೆ.

ತೀರ್ಪಿನ ಸಲಹೆಯ ಮೊದಲ ಕೊರತೆ ಇಲ್ಲಿದೆ. ಅದು ತಿಂಗಳ ಸಂಬಳ ತರುವ ಗಂಡ, ಮನೆ ನಡೆಸುವ ಹೆಂಡತಿ ಇರುವ ಸಂಸಾರವನ್ನು ಮುಂದಿಟ್ಟುಕೊಂಡು ಯೋಚಿಸಿದೆ. ಆ ಮನೆಯಲ್ಲಿ ಜಂಟಿ ಖಾತೆ ತೆರೆದರೆ ಗಂಡನ ಹಣಕ್ಕೆ ಹೆಂಡತಿಯ ಕೈ ಮುಟ್ಟುತ್ತದೆ. ಇಬ್ಬರೂ ದುಡಿಯುವ ಕೂಲಿಕಾರರ ಮನೆಯಲ್ಲಿ ಅದೇ ಜಂಟಿ ಖಾತೆ ಹೆಂಡತಿಯ ಕೂಲಿಗೆ ಗಂಡನ ಕೈ ಮುಟ್ಟುವ ದಾರಿಯೂ ಆಗಬಹುದು. ಇಬ್ಬರಲ್ಲಿ ಯಾರಾದರೂ ವ್ಯವಹರಿಸಬಹುದು ಎಂಬ ಷರತ್ತಿನ ಖಾತೆಯಿಂದ ಒಬ್ಬರೇ ಹೋಗಿ ಇದ್ದುದೆಲ್ಲವನ್ನೂ ತೆಗೆಯಬಹುದು, ಮತ್ತೊಬ್ಬರ ಸಹಿ ಬೇಕಿಲ್ಲ. ಜಂಟಿ ಖಾತೆಯಲ್ಲಿ ಪ್ರತಿ ಜಮಾ, ಪ್ರತಿ ಖರ್ಚು ಇಬ್ಬರಿಗೂ ಕಾಣುತ್ತದೆ. ತವರಿಗೆ ಕಳಿಸಿದ 500 ರೂಪಾಯಿಗೂ ಲೆಕ್ಕ ಒಪ್ಪಿಸಬೇಕಾದ ಮನೆಯಲ್ಲಿ ಇದು ಹೆಂಗಸಿಗೆ ಕೊಟ್ಟ ಅಧಿಕಾರವೆಂದು ಹೇಳಲಾಗದು.

ಇದಕ್ಕೆ ಎದುರಾದ ದಾರಿಯನ್ನು ನಮ್ಮ ರಾಜ್ಯ ಸರ್ಕಾರವೇ ತುಳಿದಿದೆ. 2023ರ ಆಗಸ್ಟ್ 30ರಂದು ಮೈಸೂರಿನಲ್ಲಿ ಚಾಲನೆ ಪಡೆದ ಗೃಹಲಕ್ಷ್ಮಿ ಯೋಜನೆ ಪಡಿತರ ಚೀಟಿಯಲ್ಲಿ ಮನೆಯ ಯಜಮಾನಿ ಎಂದು ದಾಖಲಾದ ಹೆಂಗಸಿನ ಖಾತೆಗೇ ತಿಂಗಳಿಗೆ 2,000 ರೂಪಾಯಿ ಹಾಕುತ್ತದೆ. ಒಂದು ಕೋಟಿಗೂ ಹೆಚ್ಚು ಹೆಂಗಸರು ಇದರ ಫಲಾನುಭವಿಗಳು. 2014ರ ಆಗಸ್ಟ್ 28ರಂದು ಶುರುವಾದ ಜನಧನ ಯೋಜನೆ ಹಳ್ಳಿಯ ಹೆಂಗಸರಿಗೆ ಖಾತೆ ಮಾಡಿಕೊಟ್ಟಿತ್ತು. ಅನೇಕರ ಖಾತೆಗೆ ತಿಂಗಳು ತಿಂಗಳು ಜೀವ ತುಂಬಿದ್ದು ಗೃಹಲಕ್ಷ್ಮಿ. ಬಳ್ಳಾರಿಯಲ್ಲಿ 1976ರಲ್ಲಿ ತುಂಗಭದ್ರಾ ಗ್ರಾಮೀಣ ಬ್ಯಾಂಕ್ ಹುಟ್ಟಿದಾಗಿನಿಂದ ಈ ಭಾಗಕ್ಕೆ ಗ್ರಾಮೀಣ ಬ್ಯಾಂಕು ಹೊಸದಲ್ಲ. 2025ರ ಮೇ 1ರಂದು ರಾಜ್ಯದ ಗ್ರಾಮೀಣ ಬ್ಯಾಂಕುಗಳೆಲ್ಲ ಒಂದಾದಾಗಲೂ ಅದರ ಕೇಂದ್ರ ಬಳ್ಳಾರಿಯಲ್ಲೇ ಉಳಿಯಿತು. ಆದರೆ ಬಹುಕಾಲ ಆ ಕೌಂಟರಿನ ಮುಂದೆ ನಿಂತವರು ಬೆಳೆಸಾಲಕ್ಕೆ ಪಹಣಿ ಹಿಡಿದು ಬಂದ ಗಂಡಸರೇ. ಈಗ ಹೆಂಗಸರ ಸಾಲೂ ಉದ್ದವಾಗಿದೆ. ಈ ಬದಲಾವಣೆಯನ್ನು ಕಡೆಗಣಿಸುವ ಯಾವ ವಿಮರ್ಶೆಯೂ ಪ್ರಾಮಾಣಿಕವಲ್ಲ.

ಹೆಂಗಸಿನ ಸ್ವಂತ ಖಾತೆಗೇ ಹಣ ಹಾಕುವುದರಿಂದ ಏನಾಗುತ್ತದೆ ಎಂಬುದಕ್ಕೆ ಗಟ್ಟಿ ಸಾಕ್ಷ್ಯವೂ ಇದೆ. ಮಧ್ಯಪ್ರದೇಶದಲ್ಲಿ ಅರ್ಥಶಾಸ್ತ್ರಜ್ಞರ ತಂಡವೊಂದು ನಡೆಸಿ 2021ರಲ್ಲಿ ಪ್ರಕಟಿಸಿದ ಅಧ್ಯಯನ ಉದ್ಯೋಗ ಖಾತ್ರಿಯ ಕೂಲಿಯನ್ನು ಮನೆಯ ಗಂಡಸಿನ ಖಾತೆಗೆ ಬದಲಾಗಿ ಹೆಂಗಸಿನ ಸ್ವಂತ ಖಾತೆಗೆ ಹಾಕಿ ನೋಡಿತು. ಜೊತೆಗೆ ಖಾತೆ ಬಳಸುವ ತರಬೇತಿಯನ್ನೂ ಕೊಟ್ಟಿತು. ಎರಡೂ ಸಿಕ್ಕ ಹೆಂಗಸರು ಹೆಚ್ಚು ದುಡಿಮೆಗೆ ಹೋದರು, ಹೆಂಗಸು ಹೊರಗೆ ದುಡಿಯುವ ಬಗ್ಗೆ ಮನೆಗಳ ಧೋರಣೆಯೂ ಸಡಿಲಾಯಿತು. ಖಾತೆಯೊಂದನ್ನೇ ತೆರೆದುಕೊಟ್ಟು ಬಿಟ್ಟಾಗ ಅಂಥ ಫಲ ಬರಲಿಲ್ಲ. ಈ ಕೊನೆಯ ಅಂಶವೇ ನಮಗೆ ಮುಖ್ಯ.

ಏಕೆಂದರೆ ಗೃಹಲಕ್ಷ್ಮಿಯ ಮಿತಿ ಅಲ್ಲೇ ಇದೆ. ಖಾತೆ ಅವಳ ಹೆಸರಲ್ಲಿದ್ದರೂ ಅದಕ್ಕೆ ಜೋಡಿಸಿದ ಮೊಬೈಲ್ ನಂಬರ್ ಎಷ್ಟೋ ಮನೆಗಳಲ್ಲಿ ಗಂಡನದು, ಇಲ್ಲವೇ ಮಗನದು. ಹಣ ಬಂದ ಮೆಸೇಜ್ ಮೊದಲು ಅವನ ಕೈಯಲ್ಲಿ ಮಿನುಗುತ್ತದೆ. ಒಟಿಪಿಯೂ ಅವನಿಗೇ ಬರುತ್ತದೆ. ಆಧಾರ್ ಮೂಲಕ ಬರುವ ಸರ್ಕಾರಿ ಹಣ ಆಧಾರಿಗೆ ಕೊನೆಯದಾಗಿ ಜೋಡಣೆಯಾದ ಬ್ಯಾಂಕ್ ಖಾತೆಗೆ ಹೋಗುತ್ತದೆ ಎಂಬುದು ಅನೇಕರಿಗೆ ಗೊತ್ತಿಲ್ಲ. ಬೇರೆ ಕೆಲಸಕ್ಕೆಂದು ಇನ್ನೊಂದು ಖಾತೆ ತೆರೆದು ಅದಕ್ಕೆ ಆಧಾರ್ ಜೋಡಿಸಿದರೆ ಹಣದ ದಾರಿಯೇ ಬದಲಾಗುತ್ತದೆ. ಹಾಗಾಗಿ ಜಂಟಿಯೋ ಪ್ರತ್ಯೇಕವೋ ಎಂದು ಕೇಳುವುದಕ್ಕೆ ಮೊದಲು ಕೇಳಬೇಕಾದ್ದು ಇದು: ಪಾಸ್‌ಬುಕ್ ಎಲ್ಲಿದೆ, ಪಿನ್ ಯಾರಿಗೆ ಗೊತ್ತು, ನಂಬರ್ ಯಾರದು? ಈ ಮೂರೂ ಗಂಡನ ಬಳಿ ಇದ್ದರೆ ಅವಳ ಪ್ರತ್ಯೇಕ ಖಾತೆ ಕಾಗದದ ಮೇಲಷ್ಟೇ ಅವಳದು.

ನಂಬಿಕೆಯಿಂದ ಕೊಟ್ಟ ಪಿನ್ ಕೂಡ ಎಂಥ ತೊಂದರೆ ತರಬಹುದು ಎಂಬುದಕ್ಕೆ ಬೆಂಗಳೂರಿನ ಪ್ರಕರಣವೊಂದು ಎಲ್ಲರಿಗೂ ಪಾಠ. 2013ರ ನವೆಂಬರಿನಲ್ಲಿ ಹೆರಿಗೆ ರಜೆಯಲ್ಲಿದ್ದ ಮಹಿಳೆಯೊಬ್ಬರು ತಮ್ಮ ಸ್ಟೇಟ್ ಬ್ಯಾಂಕ್ ಕಾರ್ಡನ್ನೂ ಪಿನ್ನನ್ನೂ ಗಂಡನಿಗೆ ಕೊಟ್ಟು 25,000 ರೂಪಾಯಿ ತರಲು ಕಳಿಸಿದರು. ಯಂತ್ರದಿಂದ ಹಣ ಬರಲಿಲ್ಲ, ಖಾತೆಯಿಂದ ಮಾತ್ರ ಕಡಿತವಾಯಿತು. ವರ್ಷಗಟ್ಟಲೆ ಅಲೆದ ಮೇಲೆ 2018ರಲ್ಲಿ ಗ್ರಾಹಕ ನ್ಯಾಯಾಲಯ ಅವರ ದೂರನ್ನು ತಳ್ಳಿಹಾಕಿತು. ಪಿನ್ನನ್ನು ಗಂಡನಿಗೆ ಕೊಟ್ಟದ್ದೇ ಬ್ಯಾಂಕಿನ ನಿಯಮದ ಉಲ್ಲಂಘನೆ, ಸ್ವಂತ ಚೆಕ್ಕನ್ನೋ ಅಧಿಕಾರ ಪತ್ರವನ್ನೋ ಕೊಟ್ಟು ಕಳಿಸಬೇಕಿತ್ತು ಎಂದಿತು. ಬಾಣಂತಿಯೊಬ್ಬಳ ಪರಿಸ್ಥಿತಿಗೆ ಈ ತೀರ್ಮಾನ ಕಠಿಣವೆಂದೇ ನನ್ನ ಅಭಿಪ್ರಾಯ. ಆದರೆ ನಿಯಮ ಸ್ಪಷ್ಟವಾಗಿದೆ: ಬ್ಯಾಂಕಿನ ಕಣ್ಣಿಗೆ ಗಂಡ ಹೆಂಡತಿ ಇಬ್ಬರು ಬೇರೆ ಬೇರೆ ವ್ಯಕ್ತಿಗಳು. ಜಂಟಿ ಖಾತೆಯ ನಿಜವಾದ ಪ್ರಯೋಜನ ಕಾಣುವುದೂ ಇಲ್ಲೇ. ಆ ಖಾತೆಯ ಮೇಲೆ ಇಬ್ಬರೂ ಬೇರೆ ಬೇರೆ ಕಾರ್ಡ್, ಬೇರೆ ಬೇರೆ ಪಿನ್ ಪಡೆಯಬಹುದು. ನ್ಯಾಯಮೂರ್ತಿ ನಾಗರತ್ನ ಅವರು ಬಯಸಿದ್ದನ್ನು ಒಂದೇ ಕಾರ್ಡನ್ನು ಕೈಯಿಂದ ಕೈಗೆ ಸಾಗಿಸದೆ ಹೀಗೆ ನಿಯಮದೊಳಗೇ ಸಾಧಿಸಬಹುದು.

ಇನ್ನು ಖಾಸಗಿತನದ ಮಾತು. ಗಂಡ ಹೆಂಡತಿಯ ನಡುವೆ ಮುಚ್ಚುಮರೆ ಏಕೆ ಎಂದು ಕೇಳುವವರು ಬಹಳ. 2016ರ ನವೆಂಬರ್ 8ರ ರಾತ್ರಿಯನ್ನು ಅವರು ನೆನೆಯಬೇಕು. 500, 1,000 ರೂಪಾಯಿಯ ನೋಟುಗಳು ರದ್ದಾದಾಗ ಸಾಸಿವೆ ಡಬ್ಬಿಯಲ್ಲಿ, ಸೀರೆಯ ಮಡಿಕೆಯಲ್ಲಿ ವರ್ಷಗಟ್ಟಲೆ ಕೂಡಿಟ್ಟಿದ್ದನ್ನು ಹೆಂಗಸರು ಹೊರಗೆ ತೆಗೆಯಲೇಬೇಕಾಯಿತು. ಆ ಹಣ ಮೋಸದ್ದಲ್ಲ. ಮಗಳ ಬಾಣಂತನಕ್ಕೆ, ಆಸ್ಪತ್ರೆಗೆ ಎಂದು, ಕುಡಿತಕ್ಕೆ ಹೋಗದಂತೆ ಉಳಿಸಿಕೊಂಡ ಕಾಸು ಅದು. ಸ್ವಂತ ಖಾತೆ ಇಲ್ಲದವಳಿಗೆ ಡಬ್ಬಿಯೇ ಖಾತೆಯಾಗಿತ್ತು. ಮರುವರ್ಷ, 2017ರ ಆಗಸ್ಟ್ 24ರಂದು, ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಸಾರಿತು. ಆಧಾರನ್ನು ಪ್ರಶ್ನಿಸಿ ಆ ಮೊಕದ್ದಮೆ ಹೂಡಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಆ ಹಕ್ಕು ಸರ್ಕಾರದ ಎದುರಿಗೆ ಮಾತ್ರ ಬೇಕು, ಅಡುಗೆಮನೆಯಲ್ಲಿ ಬೇಡ ಎನ್ನುವುದು ಅನ್ಯಾಯ. ಗಂಡನಿಗೂ ಇದೇ ಮಾತು ಸಲ್ಲುತ್ತದೆ. ಮುಪ್ಪಿನ ತಾಯಿಗೆ, ಕಷ್ಟದಲ್ಲಿರುವ ತಂಗಿಗೆ ತನ್ನ ಪಾಲಿನ ದುಡ್ಡು ಕೊಡಲು ಅವನೂ ಯಾರ ಅಪ್ಪಣೆಗೂ ಕಾಯಬೇಕಿಲ್ಲ.

ಹಾಗಾದರೆ ಖಾಸಗಿತನಕ್ಕೆ ಎಲ್ಲೆ ಎಲ್ಲಿ? ಹುಬ್ಬಳ್ಳಿಯ ಮಹಿಳೆಯೊಬ್ಬರ ಪ್ರಕರಣ ಈ ಪ್ರಶ್ನೆಯನ್ನು ಮುಂದಿಡುತ್ತದೆ. ಜೀವನಾಂಶ ಕೊಡಬೇಕೆಂದು ಕೌಟುಂಬಿಕ ನ್ಯಾಯಾಲಯದ ಆದೇಶವಿದ್ದರೂ ಗಂಡ ಎಲ್ಲಿದ್ದಾನೆಂದು ತಿಳಿಯದೆ, ಅವನ ವಿಳಾಸಕ್ಕಾಗಿ ಅವರು ಆಧಾರ್ ಪ್ರಾಧಿಕಾರದ ಮೊರೆ ಹೋಗಿದ್ದರು. ಮದುವೆಯಾದ ಮಾತ್ರಕ್ಕೆ ಒಬ್ಬರ ಖಾಸಗಿತನದ ಹಕ್ಕು ಮಾಸಿಹೋಗುವುದಿಲ್ಲ, ಮಾಹಿತಿ ಕೊಡುವ ಮೊದಲು ಅವನ ಮಾತನ್ನೂ ಕೇಳಬೇಕು ಎಂದು 2023ರಲ್ಲಿ ಕರ್ನಾಟಕ ಹೈಕೋರ್ಟಿನ ವಿಭಾಗೀಯ ಪೀಠ ಹೇಳಿತು. ತತ್ವ ಸರಿ. ಆದರೆ ಆ ಹೊತ್ತಿಗೆ ತತ್ವದ ಆಸರೆ ಸಿಕ್ಕಿದ್ದು ಕೊಡಬೇಕಾದವನಿಗೆ, ಪಡೆಯಬೇಕಾದವಳಿಗಲ್ಲ. ಅದಕ್ಕೆ ಮೂರು ವರ್ಷ ಮೊದಲೇ, 2020ರ ನವೆಂಬರಿನಲ್ಲಿ, ಜೀವನಾಂಶದ ಮೊಕದ್ದಮೆಯಲ್ಲಿ ಇಬ್ಬರೂ ತಮ್ಮ ಆಸ್ತಿ, ಆದಾಯ, ಸಾಲಗಳನ್ನು ಪ್ರಮಾಣಪತ್ರದಲ್ಲಿ ಬಿಚ್ಚಿಡಬೇಕೆಂದು ಸುಪ್ರೀಂ ಕೋರ್ಟ್ ಕಡ್ಡಾಯ ಮಾಡಿತ್ತು. ಇವೆರಡನ್ನೂ ಜೊತೆಗಿಟ್ಟು ನೋಡಿದರೆ ಎಲ್ಲೆ ಕಾಣುತ್ತದೆ. ನಾನು ಮರೆಮಾಡಿದ್ದು ಇನ್ನೊಬ್ಬರ ಹೆಗಲಿಗೆ ಹೊರೆಯಾಗುವುದಾದರೆ ಅದನ್ನು ಮರೆಮಾಡುವ ಹಕ್ಕು ನನಗಿಲ್ಲ. ಉಳಿತಾಯ ಖಾಸಗಿಯಾಗಿರಬಹುದು, ಸಾಲ ಹಾಗಿರಬಾರದು.

ಈ ಅಳತೆಯಿಂದ ನೋಡಿದರೆ ನಮ್ಮ ಊರುಗಳ ನಿಜವಾದ ರೋಗ ಕಾಣುತ್ತದೆ. ಹೆಂಡತಿಯ ಹತ್ತು ಸಾವಿರ ಉಳಿತಾಯ ಗಂಡನಿಗೆ ಗೊತ್ತಿಲ್ಲದ್ದರಿಂದ ಕೆಟ್ಟ ಮನೆಗಳಿಗಿಂತ, ಗಂಡನ ಕೈಸಾಲ, ಅವನು ಯಾರಿಗೋ ಹಾಕಿದ ಜಾಮೀನು ಹೆಂಡತಿಗೆ ಗೊತ್ತಿಲ್ಲದ್ದರಿಂದ ಕೆಟ್ಟ ಮನೆಗಳೇ ಹೆಚ್ಚು. ಇದರ ಇನ್ನೊಂದು ಮುಖ ಸಂಘದ ಸಾಲ. ಕಿರುಸಾಲ ಸಿಗುವುದು ಹೆಚ್ಚಾಗಿ ಹೆಂಗಸಿನ ಹೆಸರಿಗೆ. ಹಣ ಬೋರ್‌ವೆಲ್ಲಿಗೋ ಬೈಕಿಗೋ ಹೋಗುತ್ತದೆ. ಕಂತಿನ ದಿನ ಗುಂಪಿನ ಮುಂದೆ ತಲೆತಗ್ಗಿಸಿ ನಿಲ್ಲುವವಳು ಮಾತ್ರ ಅವಳೇ. ರಿಸರ್ವ್ ಬ್ಯಾಂಕಿನ 2022ರ ನಿಯಮದಲ್ಲಿ ಗಂಡ, ಹೆಂಡತಿ, ಮದುವೆಯಾಗದ ಮಕ್ಕಳು ಸೇರಿ ಒಂದು ಕುಟುಂಬ. ವರ್ಷಕ್ಕೆ 3 ಲಕ್ಷದವರೆಗೆ ಆದಾಯವಿರುವ ಅಂಥ ಕುಟುಂಬಕ್ಕೆ ಕಿರುಸಾಲ ಕೊಡಬಹುದು, ಎಲ್ಲ ಸಾಲದ ಕಂತು ಸೇರಿ ತಿಂಗಳ ಆದಾಯದ ಅರ್ಧವನ್ನು ಮೀರಬಾರದು. ಅಂದರೆ ಸಾಲ ಕೊಡುವವರು ಇಬ್ಬರ ಲೆಕ್ಕವನ್ನೂ ಒಟ್ಟಿಗೆ ನೋಡುತ್ತಾರೆ. ಆ ಲೆಕ್ಕವನ್ನು ಗಂಡ ಹೆಂಡತಿ ಮಾತ್ರ ಒಟ್ಟಿಗೆ ನೋಡಿರುವುದಿಲ್ಲ. 2025ರ ಫೆಬ್ರವರಿಯಲ್ಲಿ ವಸೂಲಿಯ ಕಿರುಕುಳ ತಡೆಯಲು ಕರ್ನಾಟಕ ಸುಗ್ರೀವಾಜ್ಞೆ ತಂದದ್ದು ಒಳ್ಳೆಯದೇ. ಆದರೆ ಮನೆಯೊಳಗೆ ಬಚ್ಚಿಟ್ಟ ಸಾಲವನ್ನು ಯಾವ ಸುಗ್ರೀವಾಜ್ಞೆಯೂ ಹೊರಗೆಳೆಯಲಾರದು.

ಜಂಟಿ ಖಾತೆಯ ಪರ ವಾದಿಸುವವರು ಅಮೆರಿಕದ ಅಧ್ಯಯನವೊಂದನ್ನು ಮುಂದಿಡುತ್ತಾರೆ. 2023ರಲ್ಲಿ ಪ್ರಕಟವಾದ ಅದರಲ್ಲಿ 230 ಜೋಡಿಗಳನ್ನು ಎರಡು ವರ್ಷ ಗಮನಿಸಿದಾಗ, ಹಣವನ್ನು ಜಂಟಿ ಖಾತೆಯಲ್ಲಿಟ್ಟವರ ಸಂಬಂಧ ಉಳಿದವರದ್ದಕ್ಕಿಂತ ಚೆನ್ನಾಗಿ ಉಳಿಯಿತು. ಅದನ್ನು ನಾನು ಅಲ್ಲಗಳೆಯುವುದಿಲ್ಲ. ಒಂದೇ ಗುರಿಗೆ ಕೂಡಿ ದುಡಿಯುವ ಭಾವ ಸಂಸಾರಕ್ಕೆ ಬಲ ಕೊಡುತ್ತದೆ. ಆದರೆ ಬೇಡವೆನಿಸಿದಾಗ ಹೊರನಡೆಯುವ ದಾರಿಯೂ, ಕೈಯಲ್ಲಿ ಅಷ್ಟಿಷ್ಟು ಕಾಸೂ ಇಬ್ಬರಿಗೂ ಇರುವ ಕಡೆ ಆ ಫಲ ಬಂದಿದೆ. ಹೊಸಹಳ್ಳಿ ಸೀಮೆಗೆ ಇದು ಹೊಂದಬೇಕಾದರೆ ಮೊದಲು ಹೆಂಗಸಿನ ಸ್ವಂತ ಖಾತೆ ನಿಜಕ್ಕೂ ಅವಳದಾಗಬೇಕು. ಮೈಸೂರು ಸಂಸ್ಥಾನ 1933ರಲ್ಲೇ ಹಿಂದೂ ಮಹಿಳೆಯರ ಹಕ್ಕಿಗೆ ಕಾನೂನು ಮಾಡಿತ್ತು. ಆಗ ಮದ್ರಾಸ್ ಪ್ರಾಂತದಲ್ಲಿದ್ದ ಕೂಡ್ಲಿಗಿ, ಹರಪನಹಳ್ಳಿಗಳಿಗೆ ಅದು ತಲುಪಲಿಲ್ಲ. ಇಲ್ಲಿನ ಹಿಂದೂ ಹೆಂಗಸು ತನ್ನ ಸ್ವತ್ತಿಗೆ ಪೂರ್ಣ ಒಡತಿಯಾದದ್ದು 1956ರ ಉತ್ತರಾಧಿಕಾರ ಕಾಯಿದೆಯಿಂದ. ತಡವಾಗಿ ಬಂದ ಹಕ್ಕನ್ನು ಜಂಟಿ ಖಾತೆಯ ಹೆಸರಿನಲ್ಲಿ ಮತ್ತೆ ಕರಗಿಸಬಾರದು.

ನನ್ನ ತೀರ್ಮಾನ ಇಷ್ಟು. ನ್ಯಾಯಮೂರ್ತಿ ನಾಗರತ್ನ ಅವರ ಸಲಹೆ ಅರ್ಧ ದಾರಿ, ಗೃಹಲಕ್ಷ್ಮಿ ಇನ್ನರ್ಧ. ಎರಡೂ ಸೇರಬೇಕು. ಗಂಡನಿಗೊಂದು ಖಾತೆ, ಹೆಂಡತಿಗೊಂದು ಖಾತೆ, ಒಂದೊಂದಕ್ಕೂ ಅವರವರದೇ ನಂಬರು, ಅವರವರದೇ ಪಿನ್. ಮೂರನೆಯದು ಸಂಸಾರದ ಜಂಟಿ ಖಾತೆ. ಶೇಂಗಾ ಮಾರಿದ ದಿನ, ಗುಳೆ ಮುಗಿಸಿ ಬಂದ ದಿನ ಇಬ್ಬರೂ ತಮ್ಮ ಶಕ್ತಿಗೆ ತಕ್ಕಷ್ಟು ಅದಕ್ಕೆ ಹಾಕಲಿ. ಮಕ್ಕಳ ಫೀಜು, ಬೀಜ ಗೊಬ್ಬರ, ಆಸ್ಪತ್ರೆಯ ಖರ್ಚು ಅಲ್ಲಿಂದ ಹೋಗಲಿ. ಇವುಗಳ ಜೊತೆಗೆ ಒಂದು ನೋಟ್‌ಬುಕ್ ಇರಲಿ. ಯಾರಿಗೆ ಎಷ್ಟು ಕೊಡಬೇಕು, ಯಾರಿಗೆ ಜಾಮೀನು ಹಾಕಿದ್ದೇವೆ, ಯಾವ ಬ್ಯಾಂಕಿನಲ್ಲಿ ಯಾವ ಖಾತೆಯಿದೆ ಎಂಬುದು ಇಬ್ಬರಿಗೂ ಕಾಣುವಂತೆ ಅದರಲ್ಲಿ ಬರೆದಿರಬೇಕು. ಗಂಡ ತೀರಿಕೊಂಡ ಮೇಲೆ ಅವನ ಖಾತೆ ಎಲ್ಲಿತ್ತೆಂದು ಹುಡುಕುತ್ತ ಶಾಖೆಯಿಂದ ಶಾಖೆಗೆ ಅಲೆಯುವ ಹೆಂಗಸಿನ ಪಾಡು ಆಗ ತಪ್ಪುತ್ತದೆ. 2025ರ ನವೆಂಬರ್ 1ರಿಂದ ಒಂದು ಖಾತೆಗೆ ನಾಲ್ವರವರೆಗೆ ನಾಮಿನಿಗಳನ್ನು ಹೆಸರಿಸಬಹುದು, ಆ ಅವಕಾಶವನ್ನೂ ಬಳಸಿಕೊಳ್ಳಬೇಕು.

ಇದಕ್ಕೆ ಹೊಸ ಕಾನೂನು ಬೇಕಿಲ್ಲ, ದೊಡ್ಡ ಖರ್ಚೂ ಇಲ್ಲ. ಬ್ಯಾಂಕಿನವರಲ್ಲಿ ಒಂದು ಕೋರಿಕೆ: ಹೆಂಗಸು ಖಾತೆ ತೆರೆಯಲು ಬಂದಾಗ ಜೊತೆಗೆ ಬಂದವನ ನಂಬರನ್ನು ಬರೆದುಕೊಳ್ಳುವ ಮೊದಲು ಅವಳದೇ ನಂಬರ್ ಇದೆಯೇ ಎಂದು ಕೇಳಿ. ಸ್ತ್ರೀಶಕ್ತಿ ಸಂಘದವರಲ್ಲಿ ಇನ್ನೊಂದು: ವಾರದ ಸಭೆಯಲ್ಲಿ ಕಂತಿನ ಲೆಕ್ಕದ ಜೊತೆಗೆ ಎಟಿಎಂ ಬಳಸುವುದನ್ನೂ ಪಾಸ್‌ಬುಕ್ ಓದುವುದನ್ನೂ ಕಲಿಸಿ. ಓದುಗರೇ, ನಿಮ್ಮ ಮನೆಯ ಹೆಂಗಸರ ಖಾತೆಗೆ ಯಾರ ನಂಬರ್ ಜೋಡಣೆಯಾಗಿದೆ ಎಂದು ಈ ವಾರವೇ ಅವರ ಜೊತೆ ಶಾಖೆಗೆ ಹೋಗಿ ನೋಡಿ. ಅದು ನಿಮ್ಮದಾಗಿದ್ದರೆ, ಬದಲಾಯಿಸುವ ಅರ್ಜಿಯನ್ನು ಅವರ ಕೈಗೆ ಕೊಡಿ.