ಕೊಟ್ಟವನ ಕೈ: ದಂಡಿನ ಅಧಿಕಾರ ಹಸ್ತಾಂತರದ ಚಿತ್ರ ತೆಗೆಯುವವರಿಗೆ

ಈಚೆಗೆ ಮುಧೋಳ ಸೀಮೆಯ ನಮ್ಮ ತಿಮ್ಮಾಪುರದ ತರುಣನೊಬ್ಬನು ಬೆಳಗಾವಿ ಕ್ಯಾಂಪಿಗೆ ಹೋಗಿ, ತನ್ನ ಗೆಳೆಯನ ಅಣ್ಣನು ಪಲ್ಟಣದ ಆಧಿಪತ್ಯವನ್ನು ಮತ್ತೊಬ್ಬರಿಗೆ ಒಪ್ಪಿಸಿಕೊಟ್ಟ ಸಮಾರಂಭದ ನಾಲ್ಕುನೂರು ಚಿತ್ರಗಳನ್ನು ಹೊತ್ತು ತಂದು ನನ್ನ ಮುಂದೆ ಹರವಿದನು. ಅವುಗಳಲ್ಲಿ ನಗುಮುಖಗಳಿದ್ದವು, ಹೂಗುಚ್ಛಗಳಿದ್ದವು, ಕ್ಯಾಮೆರಾದ ಕಡೆಗೆ ಕುತ್ತಿಗೆ ತಿರುಗಿಸಿದ ಹಸ್ತಲಾಘವಗಳಿದ್ದವು. ಸಮಾರಂಭವೊಂದು ಮಾತ್ರ ಇರಲಿಲ್ಲ. ಅಷ್ಟು ಸಾಲದೆಂಬಂತೆ ಅವಕ್ಕೆ ಸಿನಿಮಾದ ದೇಶಭಕ್ತಿಗೀತೆಯೊಂದನ್ನು ಅಂಟಿಸಿ ರೀಲು ಮಾಡಿದ್ದನು. ಜನರು ಬಹಳವಾಗಿ ಮೆಚ್ಚಿದರಂತೆ. ಮೆಚ್ಚದೆ ಏನು ಮಾಡಿಯಾರು? ಮದುವೆಮನೆಯ ಚಿತ್ರಗಳಿಗೂ ಅವಕ್ಕೂ ಇದ್ದ ಭೇದವು ಬಟ್ಟೆಯ ಬಣ್ಣವೊಂದೇ. ಆ ತರುಣನ ಮೇಲಣ ಪ್ರೀತಿಯಿಂದಲೂ, ಮೆಚ್ಚಿದವರ ಮೇಲಣ ಸಿಟ್ಟಿನಿಂದಲೂ ಈ ನಾಲ್ಕು ಮಾತುಗಳನ್ನು ಬರೆಯುತ್ತಿದ್ದೇನೆ.

ಪಲ್ಟಣವೆಂದರೇನು, ಕ್ಯಾಮೆರಾದ ಕಿಂಡಿಯನ್ನು ಎಷ್ಟು ತೆರೆಯಬೇಕು ಎಂಬ ಪ್ರಾಥಮಿಕ ಪಾಠಗಳನ್ನು ಇಲ್ಲಿ ಹೇಳಲಾರೆ. ದಂಡಿನ ಆವರಣದಲ್ಲಿ ಅನುಮತಿಯಿಲ್ಲದೆ ಕ್ಯಾಮೆರಾ ಎತ್ತಬಾರದೆಂಬುದನ್ನೂ, ಡ್ರೋನಿನ ಹೆಸರನ್ನೇ ಎತ್ತಬಾರದೆಂಬುದನ್ನೂ ತಿಳಿಯದವನಿಗೆ ಈ ಕೈಪಿಡಿಯಿಂದ ಪ್ರಯೋಜನವಿಲ್ಲ. ಹೆಬ್ಬಾಗಿಲಿನ ಪಹರೆಯವನೇ ಅವನಿಗೆ ತಕ್ಕ ಗುರು.

ನಾನು ಹೇಳಬೇಕಾದುದು ಒಂದೇ ವಿಷಯ. ಪಲ್ಟಣ ಪಲ್ಟಣಕ್ಕೂ ಪದ್ಧತಿಯು ಅಷ್ಟಿಷ್ಟು ಬೇರೆಯಾದರೂ, ನಾನು ಕಂಡ ಸಮಾರಂಭಗಳಲ್ಲಿ ನಿರ್ಗಮಿಸುವ ಅಧಿಕಾರಿಯು ತನ್ನ ಎಡಗಂಕುಳಲ್ಲಿ ಇರುಕಿಕೊಂಡಿದ್ದ ಬೇಟನ್ ಎಂಬ ಅಧಿಕಾರದ ಕೋಲನ್ನು ತೆಗೆದು ಬರುವವನ ಕೈಗೆ ಕೊಡುತ್ತಾನೆ, ಸಲಾಮು ಮಾಡುತ್ತಾನೆ, ಹಿಂದೆ ಸರಿಯುತ್ತಾನೆ. ಇದಿಷ್ಟೂ ನಡೆಯುವುದಕ್ಕೆ ನಾಲ್ಕಾರು ಉಸಿರುಗಳ ಹೊತ್ತು ಸಾಕು. ಲೋಕದ ಕ್ಯಾಮೆರಾಗಳೆಲ್ಲ ಬೇಟನ್ನಿನ ಬೆನ್ನುಹತ್ತಿ ಹೊಸಬನ ಕಡೆಗೆ ಹೊರಳುವುದು ಆಗಲೇ; ರಸಿಕನಾದವನು ತನ್ನ ದೃಷ್ಟಿಯನ್ನು ಕದಲಿಸದೆ ಕೊಟ್ಟವನಲ್ಲಿ ನಿಲ್ಲಿಸಬೇಕಾದುದೂ ಆಗಲೇ. ಏಕೆಂದರೆ ಎರಡು ವರ್ಷವೋ ಮೂರು ವರ್ಷವೋ ಒಂದು ಕೋಲನ್ನು ಒತ್ತಿ ಹಿಡಿದು ರೂಢಿಯಾದ ಆ ಎಡತೋಳು, ಕೋಲು ಹೋದ ಮೇಲೆಯೂ ಅದು ಅಲ್ಲಿಯೇ ಇದೆಯೆಂಬಂತೆ ಮೊಣಕೈಯನ್ನು ಪಕ್ಕೆಗೆ ಒತ್ತಿಕೊಂಡು ಒಂದೆರಡು ಕ್ಷಣ ಹಾಗೆಯೇ ಉಳಿಯುವುದು. ಆಮೇಲೆ ಅದಕ್ಕೆ ಸಂಗತಿ ತಿಳಿಯುವುದು. ಮೆಲ್ಲಗೆ ಕೆಳಗಿಳಿದು ಷರಾಯಿಯ ಹೊಲಿಗೆಯ ಗೆರೆಗೆ ಹೆಬ್ಬೆರಳನ್ನು ಹಚ್ಚಿ ಸುಮ್ಮನಾಗುವುದು. ಮುಖಕ್ಕೆ ಸೈನ್ಯವು ಶಿಸ್ತನ್ನು ಕಲಿಸಿದೆ, ಮುಖವನ್ನು ನಂಬಬೇಡಿರಿ. ಎಡಗೈ ಸುಳ್ಳನ್ನು ಅಷ್ಟು ಬೇಗ ಕಲಿಯದು.

ಜನರ ದೃಷ್ಟಿ ಯಾವಾಗಲೂ ಪಡೆದವನ ಕಡೆಗೇ. 1949ರ ಜನವರಿ 15ರಂದು ಕೊಡಗಿನ ಕಾರ್ಯಪ್ಪನವರು ಭಾರತ ಸೈನ್ಯದ ಮಹಾದಂಡನಾಯಕತ್ವವನ್ನು ಸ್ವೀಕರಿಸಿದರೆಂಬುದನ್ನು ಶಾಲೆಯ ಹುಡುಗರೂ ಬಲ್ಲರು. ಆ ದಿನವನ್ನೇ ನಾವು ಸೈನ್ಯದಿನವೆಂದು ಆಚರಿಸುತ್ತೇವೆ. ಅಂದು ಕೊಟ್ಟವರು ಯಾರೆಂದು ಕೇಳಿ ನೋಡಿರಿ, ಹತ್ತರಲ್ಲಿ ಒಬ್ಬನು ಜನರಲ್ ರಾಯ್ ಬುಚರ್ ಎಂದಾನೋ ಇಲ್ಲವೋ. 1957ರಲ್ಲಿ ತಿಮ್ಮಯ್ಯನವರಿಗೆ ಸೇನಾಮುಖ್ಯಸ್ಥರ ಸ್ಥಾನವನ್ನು ಬಿಟ್ಟುಕೊಟ್ಟ ಶ್ರೀನಾಗೇಶರ ಪಾಡೂ ಅದೇ. ಕಾರ್ಯಪ್ಪನವರ ಮೇಲಣ ಅಭಿಮಾನದಲ್ಲಿ ನಾನು ಯಾರಿಗೂ ಕಡಮೆಯವನಲ್ಲ. ಆದರೂ ನಮ್ಮ ಸೈನ್ಯದ ಕಟ್ಟಕಡೆಯ ಬ್ರಿಟಿಷ್ ಸೇನಾಪತಿಯ ಬರಿಗೈ ಅಂದು ಹೇಗಿದ್ದಿತೆಂಬುದನ್ನು ನೋಡುವ ಕುತೂಹಲ ನನ್ನನ್ನು ಇಂದಿಗೂ ಬಿಟ್ಟಿಲ್ಲ.

ಈ ದೃಷ್ಟಿ ನಮ್ಮ ಸೀಮೆಯವರಿಗೆ ಹೊಸದಾಗಬಾರದು. ಮುಧೋಳದ ರನ್ನನು ಗದಾಯುದ್ಧವನ್ನು ಬರೆದಾಗ ಗೆಲುವನ್ನು ಭೀಮನಿಗೆ ಕೊಟ್ಟನು, ನಮ್ಮ ಮನಸ್ಸನ್ನು ದುರ್ಯೋಧನನಿಗೆ ಕೊಟ್ಟನು. ನಮ್ಮ ಹಳ್ಳಿಗಳಲ್ಲಿ ಬೆಳಗಿನವರೆಗೂ ಆಡುವ ಶ್ರೀಕೃಷ್ಣ ಪಾರಿಜಾತವಾದರೂ ಏನು? ಒಂದು ಹೂವು ಒಬ್ಬರ ಕೈಯಿಂದ ಮತ್ತೊಬ್ಬರ ಕೈಗೆ ಹೋದ ಕಥೆ. ಹೂವು ದೊರೆತ ರುಕ್ಮಿಣಿಯನ್ನು ನೋಡಲು ಯಾರಾದರೂ ನಿದ್ದೆಗೆಟ್ಟು ಕುಳಿತುದುಂಟೆ? ಆಟವೆಲ್ಲ ಇರುವುದು ಬರಿಗೈಯ ಸತ್ಯಭಾಮೆಯಲ್ಲಿ. ಇಂಥ ಆಟವನ್ನು ಕಂಡು ಬೆಳೆದವರ ಮಕ್ಕಳು ಕವಾಯತು ಮೈದಾನದಲ್ಲಿ ನಿಂತೊಡನೆ ರುಕ್ಮಿಣಿಯ ಹಿಂದೆ ಓಡುವುದು ನನಗೆ ಅರ್ಥವಾಗದ ಮಾತು.

ಬೇಟನ್ನು ಕೈಬಿಟ್ಟ ಆ ಕ್ಷಣವನ್ನು ಹಿಡಿಯುವುದೆಂತು? ಕಿವಿಯಿಂದ. ದಂಡಿನ ಹುಕುಮಿಗೆ ಎರಡು ಭಾಗಗಳಿರುವುವು: ಮೊದಲನೆಯದನ್ನು ಎಳೆಯುತ್ತಾರೆ, ಎರಡನೆಯದನ್ನು ಕಡಿಯುತ್ತಾರೆ. ‘ಸಾವ’ ಎಂದು ನೀಡಿ, ತಡೆದು, ‘ಧಾನ್’ ಎಂದು ಕತ್ತರಿಸುವರು. ‘ದಾಹಿನೇ’ ಎಂದು ಎಳೆದು, ‘ದೇಖ್’ ಎಂದು ಕೆಡಹುವರು. ಎಳೆದ ಭಾಗವು ಎಚ್ಚರಿಕೆ, ಕಡಿದ ಭಾಗವು ಕ್ರಿಯೆ; ನಡುವಣ ಮೌನವು ಚಿತ್ರಕಾರನ ಪಾಲು. ಖಯಾಲು ಕೇಳುವವನು ತಾಳದ ಸಮ್ ಬರುವುದನ್ನು ಮೊದಲೇ ಅರಿತು ತಲೆದೂಗಲು ಸಿದ್ಧನಾಗುವಂತೆ, ನೀವು ಎಳೆದ ಭಾಗ ಕಿವಿಗೆ ಬಿದ್ದೊಡನೆ ಬೆರಳನ್ನು ಸಿದ್ಧಗೊಳಿಸಿರಬೇಕು. ಬೆಳಗಾವಿಯಲ್ಲಿ ಕೇಂದ್ರವುಳ್ಳ, 1768ರಿಂದ ತನ್ನ ವಂಶವನ್ನು ಎಣಿಸುವ ಮರಾಠಾ ಲಘು ಪದಾತಿಯಂಥ ರೆಜಿಮೆಂಟಿನ ಮುಂದಂತೂ ಕಣ್ಣನ್ನೊಂದೇ ನಂಬಿದವನು ಕೆಟ್ಟನು. ಲಘು ಪದಾತಿಯ ನಡಿಗೆ ಬಿರುಸು, ಬ್ಯೂಗಲಿನ ದನಿ ನಿಲ್ಲುವಷ್ಟರಲ್ಲಿ ಸಾಲು ಮುಂದೆ ಸರಿದಿರುವುದು.

ಕೊಟ್ಟವನ ಕೈಯನ್ನು ನೋಡಬೇಕೆಂಬ ಈ ಜ್ಞಾನ ನನಗೆ ಹುಟ್ಟಿನಿಂದ ಬಂದುದಲ್ಲ. ಮೂವತ್ತಾರು ಚಿತ್ರಗಳ ರೀಲುಗಳ ಕಾಲದಲ್ಲಿ, ನನ್ನೊಡನೆ ಶಾಲೆ ಕಲಿತ ಗೆಳೆಯನೊಬ್ಬನು ತನ್ನ ಪಲ್ಟಣವನ್ನು ಒಪ್ಪಿಸುವ ದಿನ, ಪ್ರಯಾಣ ಮಾಡಲಾರದ ಅವನ ತಾಯಿಗಾಗಿ ಚಿತ್ರ ತೆಗೆಯಲು ನಾನು ಹೋಗಿದ್ದೆನು. ಬ್ಯಾಂಡಿಗೆ ಹತ್ತು, ಸಾಲುಗಳಿಗೆ ಹದಿನೈದು, ಹಸ್ತಲಾಘವಕ್ಕೆ ಐದು, ಉಳಿದುದು ಊಟಕ್ಕೆ ಎಂದು ರೀಲನ್ನು ಮುಗಿಸಿ, ಹೆಮ್ಮೆಯಿಂದ ಆಲ್ಬಮ್ಮನ್ನು ತಂದು ಅವ್ವನ ಮುಂದಿಟ್ಟೆನು. ಮಧ್ಯಾಹ್ನದ ಬಿಸಿಲಿನಲ್ಲಿ ಟೊಪ್ಪಿಗೆಯ ಅಂಚಿನ ನೆರಳು ಎಲ್ಲರ ಕಣ್ಣುಗಳನ್ನೂ ನುಂಗಿದ್ದಿತು. ಅವ್ವ ಹಾಳೆಗಳನ್ನು ಎರಡು ಸಲ ತಿರುವಿ ಹಾಕಿ ಹೇಳಿದಳು:

“ಎಲ್ಲಾರೂ ಒಂದ ಟೊಪಗಿ ಹಾಕ್ಯಾರ, ಒಂದ ನಮೂನಿ ನಿಂತಾರ. ಇದರಾಗ ನನ್ನ ಮಗ ಯಾಂವೋ ತಮ್ಮಾ? ಅವನ ಎಡಗೈ ತೋರಸು, ಗುರತಾ ಹಿಡೀತೀನಿ.”

ಹುಡುಗನಾಗಿದ್ದಾಗ ಕಬ್ಬು ಕಡಿಯುತ್ತ ಅವನು ಎಡಗೈಯ ಹೆಬ್ಬೆರಳಿಗೆ ಕುಡಗೋಲು ತಗಲಿಸಿಕೊಂಡಿದ್ದನು. ಗಾಯಕ್ಕೆ ಅರಿಸಿನವನ್ನು ಮೆತ್ತಿದವಳು ಆಕೆ. ಮೂವತ್ತಾರು ಚಿತ್ರಗಳಲ್ಲಿ ಒಂದರಲ್ಲಿಯೂ ಆ ಕೈ ಇರಲಿಲ್ಲ. ನಾನು ಕಲಿತುದು ಅಂದು.

ಅಭ್ಯಾಸಕ್ಕೆ ಕ್ಯಾಂಪಿನವರೆಗೆ ಹೋಗಬೇಕಾಗಿಲ್ಲ. ಮುಧೋಳ ನಾಯಿಗಳ ಸಂವರ್ಧನೆಗಾಗಿ ನಮ್ಮ ತಿಮ್ಮಾಪುರದಲ್ಲಿ ಶ್ವಾನ ಸಂಶೋಧನಾ ಕೇಂದ್ರವಿದೆ. 2016ರಲ್ಲಿ ಈ ತಳಿಯ ಮರಿಗಳು ಸೈನ್ಯದ ತರಬೇತಿಗೆಂದು ಮೀರತ್ತಿನವರೆಗೂ ಹೋದುವು. ಈ ಸೀಮೆಯಲ್ಲಿ ಸಾಕಿದ ಮರಿಯನ್ನು ಮಾರುವವನು ಹಗ್ಗವನ್ನು ಕೊಳ್ಳುವವನ ಕೈಗೆ ಕೊಡುವಾಗ ನೀವು ಪಕ್ಕದಲ್ಲಿ ನಿಂತಿರಿ. ಎಲ್ಲರೂ ಮರಿಯನ್ನು ನೋಡುವರು. ನೀವು ಹಗ್ಗ ಬಿಟ್ಟ ಬೆರಳುಗಳನ್ನು ನೋಡಿರಿ: ಅವು ಒಮ್ಮೆಲೇ ಬಿಚ್ಚಿಕೊಳ್ಳುವುದಿಲ್ಲ. ಸಂತೆಯಲ್ಲಿ ಎತ್ತು ಮಾರಿದ ರೈತನ ಕೈಯೂ ಹಾಗೆಯೇ. ಇದನ್ನು ಇಪ್ಪತ್ತು ಸಲ ಹಿಡಿದವನು ಬೇಟನ್ನಿಗೆ ಅರ್ಹನು.

ಉಳಿದ ಸಂಗತಿಗಳನ್ನು ಬೇಗನೆ ಮುಗಿಸುತ್ತೇನೆ. ನಿರ್ಗಮಿಸುವವನ ಎಡಮಗ್ಗುಲಿಗೆ, ದೂರದಲ್ಲಿ, ಉದ್ದ ಮಸೂರವಿಟ್ಟುಕೊಂಡು ನಿಲ್ಲಿರಿ. ಸೆಕೆಂಡಿನ ಐನೂರನೆಯ ಒಂದಂಶಕ್ಕಿಂತ ನಿಧಾನ ಬೇಡ. ಹುತಾತ್ಮರ ಸ್ಮಾರಕಕ್ಕೆ ಹೂಚಕ್ರವಿಡುವಾಗ ಕ್ಯಾಮೆರಾವನ್ನು ಇಳಿಸಿ ಸುಮ್ಮನೆ ನಿಲ್ಲುವುದು ಲೇಸು. ಸಾಲಾಗಿ ಕುಳಿತ ಗುಂಪುಚಿತ್ರಕ್ಕೆ ಪಲ್ಟಣದವರೇ ಒಬ್ಬನನ್ನು ಗೊತ್ತುಮಾಡಿರುತ್ತಾರೆ, ಅವನ ಹೊಟ್ಟೆಯ ಮೇಲೆ ಹೊಡೆಯಬೇಡಿರಿ. ಬಡಾಖಾನಾ ಎಂಬ ಪಲ್ಟಣದ ಔತಣದಲ್ಲಿ ಊಟ ಮಾಡಿರಿ. ಕಡೆಯಲ್ಲಿ ಹೂವಿನಿಂದ ಸಿಂಗರಿಸಿದ ಜೀಪಿನಲ್ಲಿ ಹಳೆಯ ಸಾಹೇಬರನ್ನು ಕೂಡಿಸಿ ಹಗ್ಗ ಕಟ್ಟಿ ಎಳೆಯುವುದುಂಟು; ಅಲ್ಲಿಯೂ ಹಾರ ಹೊತ್ತ ಕೊರಳನ್ನು ಬಿಟ್ಟು, ಹೆಬ್ಬಾಗಿಲನ್ನು ದಾಟಿದ ಮೇಲೆ ನೆಲಕ್ಕೆ ಬಿದ್ದ ಹಗ್ಗವನ್ನು ನೋಡಿರಿ.

ಕೆಲವು ವರ್ಷಗಳ ತರುವಾಯ ಅದೇ ಗೆಳೆಯನು ಬ್ರಿಗೇಡೊಂದರ ಆಧಿಪತ್ಯವನ್ನು ಒಪ್ಪಿಸುವಾಗ ನಾನು ಮತ್ತೆ ಹೋದೆನು. ಈ ಸಲ ಅವ್ವನಿಗೆ ತಂದುದು ಒಂದೇ ಚಿತ್ರ: ಪಕ್ಕೆಗೆ ಒತ್ತಿದ ಮೊಣಕೈ, ಅರ್ಧ ಮುಚ್ಚಿದ ಮುಷ್ಟಿ, ಹೆಬ್ಬೆರಳಿನ ಮೇಲೆ ಬಿಳಿಯ ಗೆರೆ. ಆಕೆ ಅದನ್ನು ಬಾಗಿಲ ಬೆಳಕಿಗೆ ಹಿಡಿದು, ಗೆರೆಯ ಮೇಲೆ ಬೆರಳಾಡಿಸಿ, “ಹೂಂ, ಇಂವನ” ಎಂದಳು. ನನ್ನ ಸಂತೋಷಕ್ಕೆ ಪಾರವಿರಲಿಲ್ಲ. ಬಳಿಕ ಆಕೆ ಕೇಳಿದಳು:

“ಕೈ ಖಾಲಿ ಆತಲ್ಲ, ಇನ್ನರ ಊರಿಗೆ ಬರತಾನೋ ಇಲ್ಲೋ?”

ಅವನಿಗೆ ಮುಂದೆ ಯಾವ ಊರೆಂಬುದನ್ನು ನಾನು ಕೇಳಿಕೊಂಡೇ ಬಂದಿರಲಿಲ್ಲ. ಆದುದರಿಂದ ಕೊನೆಯ ಸೂಚನೆ: ಕ್ಯಾಮೆರಾವನ್ನು ಚೀಲಕ್ಕೆ ಸೇರಿಸುವ ಮುನ್ನ ಅದೊಂದನ್ನು ವಿಚಾರಿಸಿಕೊಂಡು ಬನ್ನಿರಿ.