ಹೊರಗೆ ಕೂತು ನೋಡಿದ ‘ಗುಲಾಬಿ ಟಾಕೀಸು’

ನನ್ನ ಹೆಸರಿನ ಮುಂದೆ ಇವತ್ತಿಗೂ ಬಿ.ಎ., ಬಿ.ಎಡ್. ಎಂದೇ ಇದೆ. ಎಂ.ಎ. ಎಂದು ಬರೆದುಕೊಳ್ಳಲು ಒಂದೇ ಒಂದು ಪತ್ರಿಕೆ ಬಾಕಿ ಉಳಿಯಿತು, ಕಾವ್ಯಮೀಮಾಂಸೆ. ಯಾಕೆ ಉಳಿಯಿತು ಎಂದು ಕೇಳಿದರೆ ನಮ್ಮನೆಯಲ್ಲಿ ಎಲ್ಲರದೂ ಒಂದೇ ಉತ್ತರ: ಟೀವಿ.

2008ರಲ್ಲಿ ಅಂಚೆ ಶಿಕ್ಷಣದಲ್ಲಿ ಎಂ.ಎ. ಕಟ್ಟಿದಾಗ ನನಗೆ ನಲವತ್ತು ಹತ್ತಿರವಾಗಿತ್ತು. ತವರು ಯಲ್ಲಾಪುರ, ಕೊಟ್ಟ ಮನೆ ಶಿರಸಿ ಸೀಮೆಯ ಒಂದು ಹಳ್ಳಿ, ಶಾಲೆ ಸಿದ್ದಾಪುರದ ಕಡೆ. ಎರಡು ಬಸ್ಸು ಬದಲಿಸಿ ಮನೆ ಮುಟ್ಟುವಾಗ ದೀಪ ಹಚ್ಚುವ ಹೊತ್ತು. ಓದು ಎಂದರೆ ರಾತ್ರಿಯ ಪಾತ್ರೆ ತೊಳೆದ ಮೇಲಿನದು. ಅಡಿಕೆ ಕೊಯ್ಲು ಶುರುವಾದರೆ ಅದೂ ಇಲ್ಲ. ಕೆಂಪಡಿಕೆ ಮಾಡುವವರಿಗೆ ಗೊತ್ತು, ಇಳಿಸಿದ ಹಸಿ ಅಡಿಕೆಯನ್ನು ನಾಳೆಗೆ ನಾಡಿದ್ದಿಗೆ ಎಂದು ಇಟ್ಟುಕೊಳ್ಳುವಂತಿಲ್ಲ. ಸುಲಿಯಬೇಕು, ಬೇಯಿಸಬೇಕು, ಒಣಗಿಸಬೇಕು. ಊರಿನ ಏಳೆಂಟು ಹೆಂಗಸರು ಅಂಗಳದ ಚಪ್ಪರದಡಿ ಮೆಟ್ಟುಗತ್ತಿ ಇಟ್ಟುಕೊಂಡು ಕೂರುತ್ತಿದ್ದರು. ಅವರಿಗೆ ತೂಕಡಿಕೆ ಬಾರದಿರಲೆಂದು ಟೀವಿಯನ್ನು ಜಗಲಿಯ ಬಾಗಿಲಲ್ಲಿ ಹೊರಮುಖವಾಗಿ ಇಡುವುದು ನಮ್ಮನೆಯ ಪದ್ಧತಿ.

ನಾನು ಪುಸ್ತಕ ಹಿಡಿದು ಜಗಲಿಯಲ್ಲಿ ಕೂರುತ್ತಿದ್ದೆ. ಕಣ್ಣು ಒಂದು ಗಳಿಗೆ ಆಚೆ ಹೊರಳಿದರೆ ಸಾಕು, ಅತ್ತೆಯವರ ದನಿ ಬರುತ್ತಿತ್ತು: “ಓದಲೆ ಪುರಸೊತ್ತಿಲ್ಲೆ ಹೇಳ್ತೆ, ಟೀವಿ ನೋಡಲೆ ಪುರಸೊತ್ತು ಇದ್ದು ನಿಂಗೆ.” ಸುಲಿಯುವವರು ನೋಡಿದರೆ ತಪ್ಪಲ್ಲ, ಅವರ ಕೈ ಓಡುತ್ತಿರುತ್ತದಲ್ಲ. ಕೈ ಸುಮ್ಮನಿದ್ದ ಹೆಂಗಸು ನೋಡಿದರೆ ಮಾತ್ರ ಅದು ಕಳ್ಳತನ. ಕಡೆಗೆ ನಾನೂ ಒಂದು ಮೆಟ್ಟುಗತ್ತಿ ಎಳೆದುಕೊಂಡೆ. ಪುಸ್ತಕ ಒಳಗೆ ಹೋಯಿತು, ಟೀವಿ ಉಳಿಯಿತು.

ಎರಡನೆಯ ವರ್ಷದ ಚಳಿಗಾಲ, ಸಹೋದ್ಯೋಗಿಯೊಬ್ಬರು ಕೊಟ್ಟ ಸಿ.ಡಿ.ಯಿಂದ ಗಿರೀಶ ಕಾಸರವಳ್ಳಿಯವರ ‘ಗುಲಾಬಿ ಟಾಕೀಸು’ ಹಾಕಿದೆವು. ಪರೀಕ್ಷೆಗೆ ಬೇಕಾದದ್ದು ಎಂದು ಮನೆಯಲ್ಲಿ ಹೇಳಿದ್ದೆ. ಅರ್ಧ ಸುಳ್ಳು. ಸಿನೆಮಾಕ್ಕೆ ಆಧಾರ ವೈದೇಹಿಯವರ ಕತೆ ಎನ್ನುವುದಷ್ಟೇ ನಿಜ. ಕತೆಯಲ್ಲಿ ಊರಿಗೆ ಬರುವುದು ಟಾಕೀಸು. ಕಾಸರವಳ್ಳಿಯವರು ಅದನ್ನು 1999ರ ಕಾರ್ಗಿಲ್ ಯುದ್ಧದ ಕಾಲಕ್ಕೆ, ಕರಾವಳಿಯ ಮೀನುಗಾರರ ನಡುವೆ ಒಯ್ದರು. ಟಾಕೀಸಿನ ಜಾಗದಲ್ಲಿ ಟೀವಿ ತಂದಿಟ್ಟರು. ಮೊದಲಿಗೆ ನನಗೆ ಸಿಟ್ಟೇ ಬಂತು. ಟಾಕೀಸಿಗೆ ಹೋಗುವುದೆಂದರೆ ಸೀರೆ ಬದಲಿಸಿ, ಹೂ ಮುಡಿದು, ಮೂರು ತಾಸು ಮನೆ ಮರೆಯುವುದು. ಟೀವಿಯಲ್ಲಿ ಆ ಸುಖವೆಲ್ಲಿ?

ಸೂಲಗಿತ್ತಿ ಗುಲಾಬಿಗೆ ಸಿನೆಮಾ ಹುಚ್ಚು. ಹೆರಿಗೆ ಮಾಡಿಸಿದ ಮನೆಯವರು ಅವಳಿಗೆ ಟೀವಿ, ಡಿಶ್ ಆಂಟೆನಾ ಕೊಡುತ್ತಾರೆ. ಗಂಡಸರು ಸಮುದ್ರಕ್ಕಿಳಿದ ಹೊತ್ತಿನಲ್ಲಿ ಹೆಂಗಸರು ಅವಳ ಗುಡಿಸಲಿಗೆ ಬರತೊಡಗುತ್ತಾರೆ. ಗುಲಾಬಿ ಮುಸ್ಲಿಮಳು, ಹಾಗಾಗಿ ಕೆಲವರು ಬರುವುದೇ ಇಲ್ಲ, ಕೆಲವರು ಒಳಗೆ ಕಾಲಿಡದೆ ಹೊರಗಿನಿಂದ ನೋಡುತ್ತಾರೆ. ಆ ದೃಶ್ಯ ಬಂದಾಗ ಚಪ್ಪರದಲ್ಲಿ ಕತ್ತಿಯ ಸದ್ದು ನಿಂತಿತು. “ಅವ್ರೂ ನಮ್ಮಂಗೇ ಹೊರಗೇ ನಿಂತಾರೆ ಅಕ್ಕೋರೆ” ಎಂದಳು ಒಬ್ಬಳು. ಹಾಗಲ್ಲ, ಅವರು ತಾವಾಗಿ ಒಳಗೆ ಹೋಗದವರು ಎಂದು ಮೇಷ್ಟ್ರಿಕೆ ಮಾಡಲು ಬಾಯಿ ತೆರೆದೆ. ನಮ್ಮ ಜಗಲಿಯ ಮೆಟ್ಟಿಲು ಕಣ್ಣಿಗೆ ಬಿತ್ತು. ಅಷ್ಟು ವರ್ಷ ನಮ್ಮನೆಯ ಟೀವಿ ನೋಡಿದ ಅವಳು ಒಮ್ಮೆಯೂ ಆ ಮೆಟ್ಟಿಲು ಹತ್ತಿರಲಿಲ್ಲ. ಸುಮ್ಮನಾದೆ.

ಟೀವಿ ತಂದದ್ದು ಯಾಕೆಂದು ಆಗ ತಿಳಿಯಿತು. ಟಾಕೀಸಿನಲ್ಲಿ ಟಿಕೆಟ್ಟು ಕೊಂಡವರೆಲ್ಲ ಕತ್ತಲಲ್ಲಿ ಕೂರುತ್ತಾರೆ. ಟೀವಿ ಮಾತ್ರ ಯಾರದೋ ಮನೆಯಲ್ಲಿರುತ್ತದೆ; ಯಾರ ಹೊಸ್ತಿಲು, ದಾಟಬಹುದೇ ಎಂಬ ಪ್ರಶ್ನೆ ಅದರ ಜೊತೆಗೇ ಬರುತ್ತದೆ. ಉಮಾಶ್ರೀಯವರು ಒಂದಿಷ್ಟೂ ಅಳುಮೋರೆ ಮಾಡದೆ, ಟೀವಿಯ ಒಡತಿಯಾದ ಬಡವಳ ಹಿಗ್ಗನ್ನು ತೋರಿಸಿದ್ದಾರೆ. ಅವರಿಗೆ ರಾಷ್ಟ್ರಪ್ರಶಸ್ತಿ ಬಂದದ್ದು ಈ ಪಾತ್ರಕ್ಕೇ. ನನ್ನ ತಕರಾರು ನೇತ್ರುವಿನ ಬಗ್ಗೆ. ಗಂಡ ದೂರ, ಅತ್ತೆ ಜೋರು. ಗುಲಾಬಿಯ ಮನೆಯೊಂದೇ ಅವಳಿಗೆ ಉಸಿರಾಡುವ ಜಾಗ. ಅವಳು ಕಾಣೆಯಾಗುತ್ತಾಳೆ, ದೂರು ಗುಲಾಬಿಯ ತಲೆಗೆ. ಅಲ್ಲಿಂದ ಮುಂದೆ ಸಿನೆಮಾ ಊರಿನ ಜಗಳದ ಹಿಂದೆ ಹೋಗುತ್ತದೆ. ಟೀವಿಯೆದುರು ನೇತ್ರು ಏನು ಯೋಚಿಸುತ್ತಿದ್ದಳೋ, ಅದನ್ನು ಇನ್ನಷ್ಟು ಹೊತ್ತು ನೋಡುವ ಆಸೆ ನನಗಿತ್ತು.

ಆಗ ನಾನು ಓದುತ್ತಿದ್ದ ಪಾಠ ರಸವಿಘ್ನ. ರಸಾಸ್ವಾದಕ್ಕೆ ಏಳು ವಿಘ್ನಗಳು ಎನ್ನುತ್ತಾನೆ ಅಭಿನವಗುಪ್ತ. ನೋಡುವವನು ತನ್ನದೇ ಸುಖದುಃಖದಲ್ಲಿ ಮುಳುಗಿರುವುದು ಅವುಗಳಲ್ಲೊಂದು. ಅದನ್ನು ಕಳೆಯಲು ಹಾಡು, ವಾದ್ಯ, ಅಲಂಕರಿಸಿದ ಮಂಟಪ ಬೇಕಂತೆ. ನಮ್ಮ ಚಪ್ಪರದಲ್ಲಿದ್ದದ್ದು ಒಂದು ಮಂಕು ಬಲ್ಬು, ಕರೆಗಟ್ಟಿದ ಬೆರಳುಗಳು, ಕೆ.ಜಿ. ಲೆಕ್ಕದ ಕೂಲಿ. ಆದರೂ ಆ ಹೆಂಗಸು ನನಗಿಂತ ಮೊದಲೇ ಸಿನೆಮಾದ ಒಳಕ್ಕೆ ಹೋಗಿದ್ದಳು, ತನ್ನ ದುಃಖ ಹಿಡಿದುಕೊಂಡೇ ಹೋಗಿದ್ದಳು. ಪರೀಕ್ಷೆಯಲ್ಲಿ ವಿಘ್ನಗಳ ಪ್ರಶ್ನೆ ಬಂತು. ಐದು ನೆನಪಾದವು. ಉಳಿದ ಜಾಗದಲ್ಲಿ ಅಂಗಳದ ಕತೆ ಬರೆದೆ. ಪತ್ರಿಕೆ ಹೋಯಿತು. ಅದರಿಂದಲೇ ಹೋಯಿತು ಎನ್ನಲಾರೆ, ಬೇರೆ ಉತ್ತರಗಳೂ ಅಷ್ಟಕ್ಕಷ್ಟೇ. ಮತ್ತೆ ಕಟ್ಟುವುದು ಮುಂದೆ ಮುಂದೆ ಹೋಗಿ ಬಿಟ್ಟೇಹೋಯಿತು.

ಸಿನೆಮಾ ನೋಡಿದ ಮರುದಿನ ಸಂಜೆ, ಅತ್ತೆಯವರು ದೇವರ ಮನೆಯಲ್ಲಿದ್ದಾಗ, “ಚಳಿ ಇದೆ, ಮೇಲೆ ಜಗಲಿಗೇ ಬನ್ನಿ” ಎಂದು ಎಲ್ಲರನ್ನೂ ಕರೆದೆ. ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. “ಬ್ಯಾಡ ಅಕ್ಕೋರೆ, ಸಿಪ್ಪೆ ಬಿದ್ದು ಕಸ ಆಗ್ತದೆ” ಎಂದು ಅವಳೇ ಹೇಳಿ, ಮೆಟ್ಟುಗತ್ತಿಯನ್ನು ಟೀವಿ ಸರಿಯಾಗಿ ಕಾಣುವಂತೆ ಸ್ವಲ್ಪ ಓರೆ ಮಾಡಿಕೊಂಡಳು.