ರಾಶಿ ಮತ್ತು ಗಣ: ಜೈನ ಅನಂತವಿಚಾರದ ಆಧುನಿಕ ವ್ಯಾಖ್ಯಾನಗಳ ವಿಮರ್ಶೆ

ಮೂಡುಬಿದಿರೆಯ ಸಿದ್ಧಾಂತ ಬಸದಿಯಲ್ಲಿ ಶತಮಾನಗಳ ಕಾಲ ತಾಳೆಗರಿಗಳಲ್ಲಿ ರಕ್ಷಿತವಾಗಿದ್ದ ಷಟ್ಖಂಡಾಗಮವೂ ಅದರ ಮೇಲಣ ವೀರಸೇನಾಚಾರ್ಯರ ಧವಲಾ ಟೀಕೆಯೂ ಡಾ. ಹೀರಾಲಾಲ ಜೈನರ ಸಂಪಾದಕತ್ವದಲ್ಲಿ 1939ರಿಂದ ಮುದ್ರಣಗೊಳ್ಳತೊಡಗಿದವು. ಜೀವರಾಶಿಗಳ ಸಂಖ್ಯೆಯನ್ನು ನಿರೂಪಿಸುವ ದ್ರವ್ಯಪ್ರಮಾಣಾನುಗಮವು ಬೆಳಕು ಕಂಡೊಡನೆ ಗಣಿತಜ್ಞರ ದೃಷ್ಟಿ ಈ ಗ್ರಂಥದ ಕಡೆಗೆ ಹೊರಳಿತು. 1942ರಲ್ಲಿ ಪ್ರಕಟವಾದ ನಾಲ್ಕನೆಯ ಸಂಪುಟದಲ್ಲಿ ಡಾ. ಅವಧೇಶ ನಾರಾಯಣ ಸಿಂಗ್ ಅವರು ಧವಲೆಯ ಗಣಿತವನ್ನು ಕುರಿತು ಬರೆದ ಪ್ರಬಂಧವು ಈ ಅಧ್ಯಯನಕ್ಕೆ ನಾಂದಿಯಾಯಿತು. 1973ರಲ್ಲಿ ಲಕ್ಷ್ಮೀಚಂದ್ರ ಜೈನ್ ಅವರು ಜೈನ ಗಣಿತಪರಂಪರೆಯಲ್ಲಿ ಗಣಸಿದ್ಧಾಂತವಿದೆಯೆಂದು ಶೀರ್ಷಿಕೆಯಲ್ಲಿಯೇ ಸೂಚಿಸುವ ದೀರ್ಘ ಲೇಖನವನ್ನು ಪ್ರಕಟಿಸಿದರು. ಇತ್ತ ತರ್ಕದ ಕ್ಷೇತ್ರದಲ್ಲಿ 1954ರಲ್ಲಿ ಪಿ. ಸಿ. ಮಹಲನೋಬಿಸ್ ಅವರೂ 1957ರಲ್ಲಿ ಜೆ. ಬಿ. ಎಸ್. ಹಾಲ್ಡೇನ್ ಅವರೂ ಸ್ಯಾದ್ವಾದವನ್ನು ಆಧುನಿಕ ವಿಜ್ಞಾನದ ಬೆಳಕಿನಲ್ಲಿ ಪರಿಶೀಲಿಸಿದರು.

ಈ ವಿದ್ವಾಂಸರ ಪರಿಶ್ರಮವು ಸ್ತುತ್ಯವಾದುದು. ಆದರೆ ಅವರು ಎಚ್ಚರಿಕೆಯಿಂದ ಆಡಿದ ಮಾತುಗಳು ಕೈಯಿಂದ ಕೈಗೆ ಸಾಗಿ, ಕ್ಯಾಂಟರನಿಗಿಂತ ಸಾವಿರ ವರ್ಷಗಳ ಹಿಂದೆಯೇ ಜೈನಾಚಾರ್ಯರು ಗಣಸಿದ್ಧಾಂತವನ್ನು ಕಂಡುಹಿಡಿದಿದ್ದರೆಂಬ ಒಂದು ನಿರಪೇಕ್ಷ ಘೋಷಣೆಯಾಗಿ ಪರಿಣಮಿಸಿವೆ. ಮುನ್ನುಡಿಗಳಲ್ಲಿಯೂ ಉಪನ್ಯಾಸಗಳಲ್ಲಿಯೂ ಈ ಘೋಷಣೆ ವಿಚಾರಣೆಯಿಲ್ಲದೆ ಪುನರುಕ್ತವಾಗುತ್ತಿದೆ. ಗ್ರಂಥಸಂಪಾದನೆ ಹಾಗೂ ಅನುವಾದಗಳಲ್ಲಿ ರಾಶಿ ಎಂಬ ಶಬ್ದಕ್ಕೆ ಗಣವೆಂದೇ ಅರ್ಥ ಬರೆಯುವ ರೂಢಿಯೂ ಬೆಳೆಯುತ್ತಿರುವುದರಿಂದ, ಈ ಸಮೀಕರಣದಲ್ಲಿ ಗ್ರಾಹ್ಯವಾದುದೆಷ್ಟು, ತ್ಯಾಜ್ಯವಾದುದೆಷ್ಟು ಎಂಬುದನ್ನು ಮೂಲಗ್ರಂಥಗಳ ಆಧಾರದಿಂದ ನಿರ್ಣಯಿಸುವುದು ಅವಶ್ಯಕ.

ಮೊದಲು ಗಣಸಿದ್ಧಾಂತದ ಮೂಲಭೂತ ಪರಿಭಾಷೆಯನ್ನು ಸ್ಪಷ್ಟಪಡಿಸಿಕೊಳ್ಳಬೇಕು. ನಿಶ್ಚಿತವೂ ಪರಸ್ಪರ ಭಿನ್ನವೂ ಆದ ವಸ್ತುಗಳ ಸಮೂಹವನ್ನು ಒಂದೇ ಘಟಕವೆಂದು ಭಾವಿಸಿದರೆ ಅದು ಗಣ. ಒಂದು ಗಣದ ಎಲ್ಲ ಸದಸ್ಯರೂ ಮತ್ತೊಂದರಲ್ಲಿದ್ದರೆ ಮೊದಲನೆಯದು ಎರಡನೆಯದರ ಉಪಗಣ. ಎರಡು ಗಣಗಳಿಗೆ ಸಮಾನರಾದ ಸದಸ್ಯರ ಗಣವು ಅವುಗಳ ಛೇದನ. ಒಂದು ಗಣದ ಪ್ರತಿಯೊಬ್ಬ ಸದಸ್ಯನಿಗೂ ಮತ್ತೊಂದು ಗಣದ ಒಬ್ಬನೇ ಸದಸ್ಯನನ್ನು, ಎರಡು ಕಡೆಯೂ ಯಾರೂ ಉಳಿಯದಂತೆ, ಜೋಡಿಸಲು ಸಾಧ್ಯವಾದರೆ ಆ ಎರಡು ಗಣಗಳು ಪ್ರಮಾಣದಲ್ಲಿ ಸಮಾನ. ಈ ಜೋಡಣೆಯೇ ಏಕೈಕ ಸಂಬಂಧ. ಗೆಲಿಲಿಯೊ 1638ರಲ್ಲಿಯೇ ಒಂದು ವಿಚಿತ್ರವನ್ನು ತೋರಿಸಿದ್ದನು: 1, 2, 3, 4 ಎಂಬ ಸಂಖ್ಯೆಗಳಿಗೆ ಕ್ರಮವಾಗಿ 1, 4, 9, 16 ಎಂಬ ವರ್ಗಗಳನ್ನು ಜೋಡಿಸುತ್ತ ಹೋದರೆ ಯಾವುದೂ ಉಳಿಯುವುದಿಲ್ಲ; ಅಂದರೆ ಅಂಶವು ಅಂಶಿಗೆ ಸಮಾನವಾಗುತ್ತದೆ. ಡೆಡೆಕಿಂಡನು 1888ರಲ್ಲಿ ಈ ವಿಚಿತ್ರವನ್ನೇ ಲಕ್ಷಣವನ್ನಾಗಿ ಮಾಡಿ, ತನ್ನದೇ ಒಂದು ಅಂಶದೊಡನೆ ಏಕೈಕ ಸಂಬಂಧವುಳ್ಳ ಗಣವು ಅನಂತವೆಂದು ವ್ಯಾಖ್ಯಾನಿಸಿದನು. ಕ್ಯಾಂಟರನು 1874ರಲ್ಲಿ ಎಲ್ಲ ಅನಂತಗಳೂ ಸಮಾನವಲ್ಲವೆಂದೂ, 1891ರಲ್ಲಿ ಯಾವ ಗಣವನ್ನು ತೆಗೆದುಕೊಂಡರೂ ಅದರ ಉಪಗಣಗಳ ಗಣವು ಅದಕ್ಕಿಂತ ದೊಡ್ಡದೆಂದೂ ಸಾಧಿಸಿದನು.

ಈ ಪರಿಭಾಷೆಯನ್ನು ಹಿಡಿದು ಷಟ್ಖಂಡಾಗಮವನ್ನು ನೋಡಿದರೆ, ಗ್ರಾಹ್ಯವಾದ ಅಂಶವು ಅದರ ನಿರೂಪಣಾ ಪದ್ಧತಿಯಲ್ಲಿಯೇ ಕಂಡುಬರುತ್ತದೆ. ಸಂಸಾರಿ ಜೀವರನ್ನು ಹದಿನಾಲ್ಕು ಗುಣಸ್ಥಾನಗಳಲ್ಲಿ ವಿಂಗಡಿಸಿದಾಗ ಯಾವ ಜೀವನೂ ಏಕಕಾಲದಲ್ಲಿ ಎರಡು ಗುಣಸ್ಥಾನಗಳಲ್ಲಿರನು. ಯಾವ ಗುಣಸ್ಥಾನಕ್ಕೂ ಸೇರದ ಸಂಸಾರಿಯೂ ಇಲ್ಲ. ಗಣಸಿದ್ಧಾಂತದಲ್ಲಿ ಇದಕ್ಕೆ ಪರಿಪೂರ್ಣ ವಿಭಜನೆಯೆಂದು ಹೆಸರು. ಓಘದಿಂದ ಹೇಳಿದ ಈ ವಿಭಾಗದ ಮೇಲೆ ಆದೇಶದಿಂದ, ಎಂದರೆ ಗತಿ, ಇಂದ್ರಿಯ, ಕಾಯ ಮೊದಲಾದ ಮಾರ್ಗಣೆಗಳಿಂದ, ಮತ್ತೊಂದು ವಿಭಾಗವನ್ನು ಹೊಂದಿಸಲಾಗಿದೆ. ನರಕಗತಿಯ ಮಿಥ್ಯಾದೃಷ್ಟಿಗಳು ಎಂದೊಡನೆ ಎರಡು ರಾಶಿಗಳ ಛೇದನವು ಸಿದ್ಧವಾಗುತ್ತದೆ. ಮಿಥ್ಯಾದೃಷ್ಟಿಗಳು ಓಘದಲ್ಲಿ ಅನಂತ. ಆದರೆ ನರಕಗತಿಯಲ್ಲಿ ಅಸಂಖ್ಯಾತ. ತಿರ್ಯಂಚಗತಿಯಲ್ಲಿ ಪುನಃ ಅನಂತ. ಹೀಗೆ ಛೇದನದ ಪ್ರಮಾಣವನ್ನು ಪ್ರತ್ಯೇಕವಾಗಿ ವಿಚಾರಿಸಿ, ಅಲ್ಪಬಹುತ್ವದಲ್ಲಿ ರಾಶಿಗಳನ್ನು ಪರಸ್ಪರ ಹೋಲಿಸುವ ಶಿಸ್ತು ನಿಜಕ್ಕೂ ಗಣಗಳ ವಿಚಾರವೇ ಆಗಿದೆ. ಇದನ್ನು ಒಪ್ಪಲು ಯಾವ ಉತ್ಪ್ರೇಕ್ಷೆಯೂ ಬೇಕಿಲ್ಲ.

ಎರಡನೆಯ ಅಂಶವು ವೀರಸೇನರ ಹೋಲಿಕೆಯ ವಿಧಾನಕ್ಕೆ ಸಂಬಂಧಿಸಿದುದು. ಅನಂತಾನಂತ ಅವಸರ್ಪಿಣಿ ಉತ್ಸರ್ಪಿಣಿಗಳಿಂದಲೂ ಮಿಥ್ಯಾದೃಷ್ಟಿಗಳ ರಾಶಿಯು ಅಪಹೃತವಾಗದೆಂಬ ಸೂತ್ರವನ್ನು ವಿವರಿಸುವಾಗ, ಒಂದು ಕಡೆ ಅತೀತಕಾಲದ ಸಮಯಗಳನ್ನೂ ಮತ್ತೊಂದು ಕಡೆ ಜೀವರಾಶಿಯನ್ನೂ ಸ್ಥಾಪಿಸಿ, ಒಂದು ಸಮಯಕ್ಕೆ ಒಬ್ಬ ಜೀವನಂತೆ ತೆಗೆಯುತ್ತ ಹೋದರೆ ಸಮಯಗಳು ಮುಗಿಯುತ್ತವೆ, ಜೀವರಾಶಿ ಮುಗಿಯದು ಎಂದು ಟೀಕಾಕಾರರು ತೋರಿಸುತ್ತಾರೆ. ಎಣಿಸಲಾಗದ ಎರಡು ರಾಶಿಗಳನ್ನು ಒಂದಕ್ಕೊಂದರಂತೆ ಜೋಡಿಸಿ ಅಳೆಯುವ ಈ ಉಪಾಯವು ಅಸಾಧಾರಣವಾದುದು. ಕ್ಯಾಂಟರನ ವಿಧಾನದೊಡನೆ ಇದನ್ನು ಹೋಲಿಸಿರುವುದು ಸಹಜವೇ ಸರಿ. ಆದರೆ ಹೋಲಿಕೆಯು ಇಲ್ಲಿಗೆ ನಿಲ್ಲಬೇಕು. ಕ್ಯಾಂಟರನ ಮತದಲ್ಲಿ ಒಂದು ಜೋಡಣೆಯಲ್ಲಿ ಶೇಷವುಳಿದ ಮಾತ್ರಕ್ಕೆ ಆ ರಾಶಿಯು ದೊಡ್ಡದಾಗದು. ಸಮಸಂಖ್ಯೆಗಳನ್ನು ಅವುಗಳೊಡನೆಯೇ ಜೋಡಿಸಿದರೆ ವಿಷಮಸಂಖ್ಯೆಗಳೆಲ್ಲ ಉಳಿಯುತ್ತವೆ. 1ಕ್ಕೆ 2, 2ಕ್ಕೆ 4, 3ಕ್ಕೆ 6 ಎಂದು ಬೇರೆ ರೀತಿಯಲ್ಲಿ ಜೋಡಿಸಿದರೆ ಯಾವುದೂ ಉಳಿಯದು. ಆದುದರಿಂದ ಯಾವ ಜೋಡಣೆಯಿಂದಲೂ ಶೇಷವು ತಪ್ಪದೆಂದು ಸಾಧಿಸಿದಾಗ ಮಾತ್ರ ಅಲ್ಲಿ ಹೆಚ್ಚಳವು ಸಿದ್ಧವಾಗುತ್ತದೆ. ವೀರಸೇನರಿಗೆ ಒಂದೇ ಜೋಡಣೆ ಸಾಕು. ಇದು ಅವರ ಲೋಪವಲ್ಲ. ಅವರ ಅನಂತದ ಸ್ವರೂಪವೇ ಬೇರೆಯಾಗಿರುವುದರ ಚಿಹ್ನೆ.

ಆ ಸ್ವರೂಪವು ಸಂಖ್ಯಾಪ್ರಮಾಣದ ಶ್ರೇಣಿಯಲ್ಲಿ ಸ್ಪಷ್ಟವಾಗುತ್ತದೆ. ಸಂಖ್ಯಾತದ 3, ಅಸಂಖ್ಯಾತದ 9, ಅನಂತದ 9, ಒಟ್ಟು 21 ಭೇದಗಳು ಪಂಡಿತರಿಗೆ ಸುವಿದಿತ. ಉತ್ಕೃಷ್ಟ ಅಸಂಖ್ಯಾತಾಸಂಖ್ಯಾತಕ್ಕೆ ಒಂದನ್ನು ಕೂಡಿಸಿದರೆ ಜಘನ್ಯ ಪರೀತಾನಂತವಾಗುತ್ತದೆ. ಆಧುನಿಕ ಗಣಿತದಲ್ಲಿ ಸಾಂತಕ್ಕೆ ಒಂದು ಕೂಡಿಸಿದರೆ ಸಾಂತವೇ. ಅನಂತಕ್ಕೆ ಒಂದು ಕೂಡಿಸಿದರೆ ಅದೇ ಪ್ರಮಾಣದ ಅನಂತ. ಒಂದೇ ಒಂದರ ಸೇರ್ಪಡೆಯಿಂದ ಗಡಿಯನ್ನು ದಾಟುವ ಪ್ರಶ್ನೆಯೇ ಅಲ್ಲಿಲ್ಲ. ಜಂಬೂದ್ವೀಪದಷ್ಟು ವಿಸ್ತಾರವಾದ ಕುಂಡದಲ್ಲಿ ಸಾಸಿವೆಯನ್ನು ತುಂಬುವುದರಿಂದ ಮೊದಲಾಗಿ, ವರ್ಗಿತಸಂವರ್ಗಿತ ಕ್ರಿಯೆಯಿಂದ ಬೆಳೆದು, ಲೋಕಾಕಾಶದ ಪ್ರದೇಶಗಳೇ ಮೊದಲಾದ ಅಸಂಖ್ಯಾತ ರಾಶಿಗಳನ್ನು ಕೂಡಿಸಿಕೊಂಡು ಈ ಶ್ರೇಣಿಯು ಮೇಲೇರುತ್ತದೆ. ಆಧುನಿಕ ದೃಷ್ಟಿಯಿಂದ ಜಘನ್ಯ ಪರೀತಾನಂತವು ಊಹಾತೀತವಾಗಿ ದೊಡ್ಡದಾದ ಒಂದು ಸಾಂತ ಸಂಖ್ಯೆಯೇ. ಜೀವ, ಪುದ್ಗಲ, ಕಾಲ, ಅಲೋಕಾಕಾಶ ಮೊದಲಾದ ರಾಶಿಗಳು ಸೇರುವ ಅನಂತಾನಂತದ ಹಂತದಲ್ಲಿ ಮಾತ್ರ ನಿಜವಾದ ಅಕ್ಷಯತ್ವವು ಪ್ರವೇಶಿಸುತ್ತದೆ. ಆಯವಿಲ್ಲದೆ ವ್ಯಯವಾಗುತ್ತಿದ್ದರೂ ಮುಗಿಯದ ರಾಶಿಯೇ ಅನಂತವೆಂದು ಹೇಳಿ, ಮುಗಿದುಹೋಗುವ ಅರ್ಧಪುದ್ಗಲಪರಿವರ್ತನ ಕಾಲಕ್ಕೆ ಅನಂತವೆಂಬ ಹೆಸರು ಉಪಚಾರದಿಂದ ಬಂದುದೆಂದು ವೀರಸೇನರು ವಿವೇಚಿಸಿರುವುದು ಈ ಭೇದದ ಅರಿವು ಅವರಿಗಿದ್ದಿತೆಂಬುದಕ್ಕೆ ಪ್ರಬಲ ಪ್ರಮಾಣ. ಶ್ರೇಣಿಯಲ್ಲಿರುವ ಅನಂತವೆಂಬ ಹೆಸರನ್ನೆಲ್ಲ ಕ್ಯಾಂಟರನ ಅನಂತವೆಂದು ಅನುವಾದಿಸಿದರೆ, ಆಚಾರ್ಯರೇ ಮಾಡಿದ ಈ ಸೂಕ್ಷ್ಮ ವಿವೇಚನೆಯು ಮರೆಯಾಗುತ್ತದೆ.

ಭೇದವು ಅತ್ಯಂತ ನಿಚ್ಚಳವಾಗಿ ಕಾಣುವುದು ಚಾವುಂಡರಾಯನ ಸಮಕಾಲೀನರಾದ ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳ ತ್ರಿಲೋಕಸಾರದಲ್ಲಿ. ಅಲ್ಲಿ ಸರ್ವಧಾರೆ, ಸಮಧಾರೆ, ವಿಷಮಧಾರೆ, ಕೃತಿಧಾರೆ, ಅಕೃತಿಧಾರೆ ಮೊದಲಾದ 14 ಧಾರೆಗಳ ನಿರೂಪಣೆಯಿದೆ. ಸರ್ವಧಾರೆಯು ಒಂದರಿಂದ ಆರಂಭವಾಗಿ ಕೇವಲಜ್ಞಾನದ ಅವಿಭಾಗಪ್ರತಿಚ್ಛೇದಗಳ ಪ್ರಮಾಣದಲ್ಲಿ ಮುಗಿಯುತ್ತದೆ. ಸಮಧಾರೆಯ ಸ್ಥಾನಗಳು ಅದರ ಅರ್ಧ. ವರ್ಗಸಂಖ್ಯೆಗಳ ಕೃತಿಧಾರೆಯ ಸ್ಥಾನಗಳು ಅದರ ಪ್ರಥಮ ವರ್ಗಮೂಲದಷ್ಟು. ಅಂಕಸಂದೃಷ್ಟಿಗಾಗಿ ಕೇವಲಜ್ಞಾನವನ್ನು 16 ಎಂದಿಟ್ಟುಕೊಂಡರೆ, 2ರಿಂದ 16ರವರೆಗೆ ಸಮಧಾರೆಯ ಸ್ಥಾನಗಳು 8. 1ರಿಂದ 15ರವರೆಗೆ ವಿಷಮಧಾರೆಯವು 8. 1, 4, 9, 16 ಎಂಬ ಕೃತಿಧಾರೆಯವು 4. ಉಳಿದ ಅಕೃತಿಧಾರೆಯವು 12. ಧಾರೆ ಮತ್ತು ಅದರ ಪ್ರತಿಪಕ್ಷಧಾರೆ ಸೇರಿ ಸರ್ವಧಾರೆಯಾಗುವುದು ಗಣಸಿದ್ಧಾಂತದ ಪೂರಕಗಣದ ಕಲ್ಪನೆಗೆ ಸರಿಹೊಂದುತ್ತದೆ. ಆದರೆ ಯಾವ ವರ್ಗಸಂಖ್ಯೆಗಳು ಎಲ್ಲ ಸಂಖ್ಯೆಗಳಿಗೆ ಸಮಾನವೆಂದು ಗೆಲಿಲಿಯೊ ತೋರಿಸಿದನೋ ಅವೇ ಇಲ್ಲಿ ವರ್ಗಮೂಲದಷ್ಟು ಮಾತ್ರ. ತ್ರಿಲೋಕಸಾರದ ಅನಂತದಲ್ಲಿ ಅಂಶವು ಅಂಶಿಗಿಂತ ಯಾವಾಗಲೂ ಕಡಿಮೆ. ಡೆಡೆಕಿಂಡನ ಲಕ್ಷಣಕ್ಕೆ ಇದು ನೇರವಾಗಿ ವಿರುದ್ಧ.

ಇದಕ್ಕೆ ಕಾರಣವೂ ಸ್ಪಷ್ಟವಿದೆ. ಧಾರೆಗಳಿಗೆ ಅಂತ್ಯಸ್ಥಾನವಿದೆ, ಆ ಅಂತ್ಯವು ಉತ್ಕೃಷ್ಟ ಅನಂತಾನಂತವಾದ ಕೇವಲಜ್ಞಾನ. ಅದಕ್ಕಿಂತ ಮಿಗಿಲಾದ ಪ್ರಮಾಣವಿಲ್ಲ. ಕ್ಯಾಂಟರನ ಪ್ರಮೇಯವು ಇದಕ್ಕೆ ತದ್ವಿರುದ್ಧವಾಗಿ ಯಾವ ಪ್ರಮಾಣಕ್ಕೂ ಮಿಗಿಲಾದ ಪ್ರಮಾಣವಿದೆಯೆಂದು ಸಾಧಿಸುತ್ತದೆ. ಸರ್ವವನ್ನೂ ಒಳಗೊಂಡ ಪರಮ ಅನಂತವನ್ನು ಕ್ಯಾಂಟರನೂ ಭಾವಿಸಿದ್ದನು. ಆದರೆ ಅದನ್ನು ಸಂಖ್ಯೆಗಳ ಸಾಲಿನಿಂದ ಹೊರಗಿಟ್ಟನು. ಜೈನಾಚಾರ್ಯರು ಅದನ್ನು ಸಂಖ್ಯಾಶ್ರೇಣಿಯ ತುದಿಯಲ್ಲಿಯೇ ಸ್ಥಾಪಿಸಿದರು. ಜ್ಞೇಯವೆಲ್ಲವೂ ಕೇವಲಜ್ಞಾನಕ್ಕೆ ವಿಷಯವೆಂಬ ಸಿದ್ಧಾಂತವುಳ್ಳ ದರ್ಶನದಲ್ಲಿ ಪ್ರಮಾಣಗಳಿಗೆ ಪರಮಾವಧಿಯಿರುವುದು ಅನಿವಾರ್ಯ. ಗಣಿತವು ಇಲ್ಲಿ ದರ್ಶನದಿಂದ ಬೇರೆಯಾಗಿ ನಿಂತಿಲ್ಲ. ಎರಡೂ ಒಂದೇ ಎನ್ನುವವರು ಕ್ಯಾಂಟರನ ಪ್ರಮೇಯವನ್ನು ಒಪ್ಪಿ ಉತ್ಕೃಷ್ಟ ಅನಂತಾನಂತವನ್ನು ಬಿಡಬೇಕಾಗುತ್ತದೆ, ಇಲ್ಲವೇ ಇದನ್ನು ಹಿಡಿದು ಅದನ್ನು ಬಿಡಬೇಕಾಗುತ್ತದೆ.

ಸಪ್ತಭಂಗಿಯ ವಿಷಯದಲ್ಲಿಯೂ ಇಂಥದೇ ವಿವೇಕ ಅಗತ್ಯ. ಅಸ್ತಿ, ನಾಸ್ತಿ, ಅವಕ್ತವ್ಯ ಎಂಬ ಮೂರು ಮೂಲಭಂಗಗಳನ್ನು ಒಂದು ಗಣವೆಂದು ಭಾವಿಸಿದರೆ, ಒಂದೊಂದಾಗಿ 3, ಎರಡೆರಡಾಗಿ 3, ಮೂರೂ ಸೇರಿ 1, ಹೀಗೆ ಒಟ್ಟು 7 ಉಪಗಣಗಳು ದೊರೆಯುತ್ತವೆ. ಮೂರು ಸದಸ್ಯರ ಗಣಕ್ಕೆ ಉಪಗಣಗಳು 8. ಏನನ್ನೂ ಹೇಳದ ಶೂನ್ಯಗಣವನ್ನು ಬಿಟ್ಟರೆ 7. ಭಂಗಗಳು ಏಳೇ ಏಕೆ, ಎಂಟನೆಯದೇಕಿಲ್ಲವೆಂಬ ಪ್ರಾಚೀನ ಪ್ರಶ್ನೆಗೆ ಇದು ನಿರ್ದುಷ್ಟವಾದ ಸಮಾಧಾನ. ಪ್ರವಚನಸಾರದಲ್ಲಿ ಅವಕ್ತವ್ಯವು ಮೂರನೆಯದಾಗಿಯೂ ಪಂಚಾಸ್ತಿಕಾಯದಲ್ಲಿ ಉಭಯವು ಮೂರನೆಯದಾಗಿಯೂ ಬಂದಿರುವುದು ಸಂಖ್ಯೆಯನ್ನು ಬಾಧಿಸುವುದಿಲ್ಲವೆಂಬುದೂ ಇದರಿಂದಲೇ ತಿಳಿಯುತ್ತದೆ. ಏಕೆಂದರೆ ಗಣಕ್ಕೆ ಕ್ರಮದ ಅಪೇಕ್ಷೆಯಿಲ್ಲ.

ಆದರೆ ಗುಣವಾದ ಈ ಕ್ರಮನಿರಪೇಕ್ಷತೆಯೇ ಮುಂದಿನ ಹೆಜ್ಜೆಯಲ್ಲಿ ದೋಷವಾಗುತ್ತದೆ. ಸಾಂಕೇತಿಕ ತರ್ಕದಲ್ಲಿ ಒಂದು ವಾಕ್ಯವನ್ನು ‘ಅ’ ಎಂದೂ ಮತ್ತೊಂದನ್ನು ‘ನ’ ಎಂದೂ ಸಂಕೇತಿಸಿದರೆ, ‘ಅ ಮತ್ತು ನ’ ಎಂಬುದಕ್ಕೂ ‘ನ ಮತ್ತು ಅ’ ಎಂಬುದಕ್ಕೂ ಭೇದವಿಲ್ಲ; ಎರಡನ್ನೂ ಒಂದಾದ ಮೇಲೊಂದರಂತೆ ಹೇಳಿದರೂ ಒಮ್ಮೆಗೇ ಹೇಳಿದರೂ ಸಂಕೇತವೊಂದೇ. ಜೈನತರ್ಕದಲ್ಲಾದರೋ ಕ್ರಮಾರ್ಪಣೆಯಿಂದ ಅಸ್ತಿನಾಸ್ತಿ ಎಂಬ ಭಂಗವೂ, ಯುಗಪದರ್ಪಣೆಯಿಂದ ಅವಕ್ತವ್ಯವೂ ಸಿದ್ಧವಾಗುತ್ತವೆ. ಯಾವ ಭೇದದ ಮೇಲೆ ಎರಡು ಭಂಗಗಳು ನಿಂತಿವೆಯೋ ಆ ಭೇದವನ್ನೇ ಸಂಕೇತವು ಅಳಿಸಿಬಿಡುತ್ತದೆ. ಇದನ್ನು ಪರಿಹರಿಸಲು ಅವಕ್ತವ್ಯವನ್ನು ಸತ್ಯವೂ ಅಸತ್ಯವೂ ಅಲ್ಲದ ಮೂರನೆಯ ಮೌಲ್ಯವೆನ್ನುವವರು, 1920ರಲ್ಲಿ ಲುಕಾಸಿಯೆವಿಚ್ ಪ್ರತಿಪಾದಿಸಿದ ತ್ರಿಮೌಲ್ಯ ತರ್ಕವನ್ನು ಸ್ಯಾದ್ವಾದಕ್ಕೆ ಆರೋಪಿಸುತ್ತಾರೆ. ಅವಕ್ತವ್ಯವು ವಚನದ ಅಶಕ್ತಿಯೇ ಹೊರತು ವಸ್ತುವಿನ ಅನಿಶ್ಚಯವಲ್ಲ. ಒಂದು ಶಬ್ದವು ಏಕಕಾಲದಲ್ಲಿ ಎರಡು ಧರ್ಮಗಳನ್ನು ಪ್ರಧಾನವಾಗಿ ಹೇಳಲಾರದೆಂಬುದೇ ಅದರ ಹೃದಯ. ಘಟವು ಸ್ವದ್ರವ್ಯ ಕ್ಷೇತ್ರ ಕಾಲ ಭಾವಗಳಿಂದ ಇದೆ, ಪರದ್ರವ್ಯಾದಿಗಳಿಂದ ಇಲ್ಲ ಎಂದಾಗ ಅಪೇಕ್ಷೆಗಳು ಭಿನ್ನವಾದುದರಿಂದ ವಿರೋಧವೇ ಇಲ್ಲ. ಸ್ಯಾತ್ ಪದವನ್ನು ಅಪೇಕ್ಷಾಸೂಚಕ ಚಿಹ್ನೆಯಾಗಿ ಉಳಿಸಿಕೊಂಡರೆ ದ್ವಿಮೌಲ್ಯ ತರ್ಕದಲ್ಲಿಯೇ ಮೊದಲ ಮೂರು ವಚನಗಳು, ಅಸ್ತಿ ನಾಸ್ತಿ ಉಭಯಗಳು, ನಿರ್ಬಾಧವಾಗಿ ನಿಲ್ಲುತ್ತವೆ. ಅವಕ್ತವ್ಯಕ್ಕೆ ಬೇಕಾದುದು ಹೊಸ ಸತ್ಯಮೌಲ್ಯವಲ್ಲ, ವಚನಕ್ರಿಯೆಯನ್ನು ಗುರುತಿಸುವ ಬೇರೊಂದು ಸಂಕೇತ.

ಈ ವಿವೇಚನೆಯಿಂದ ಗ್ರಂಥಸಂಪಾದಕರಿಗೂ ಅನುವಾದಕರಿಗೂ ಒಂದು ಕರ್ತವ್ಯವು ಪ್ರಾಪ್ತವಾಗುತ್ತದೆ. ರಾಶಿ, ಧಾರೆ, ಅಪಹಾರ, ಅವಕ್ತವ್ಯ ಮೊದಲಾದ ಪಾರಿಭಾಷಿಕ ಶಬ್ದಗಳನ್ನು ಮೂಲರೂಪದಲ್ಲಿಯೇ ಉಳಿಸಿ, ಆಧುನಿಕ ಪರ್ಯಾಯವನ್ನು ವಿವರಣೆಯಲ್ಲಿ ಮಾತ್ರ, ಸಾಮ್ಯವೈಷಮ್ಯಗಳೆರಡನ್ನೂ ಸೂಚಿಸಿ ಕೊಡತಕ್ಕದ್ದು. ಪರ್ಯಾಯವೇ ಮೂಲದ ಸ್ಥಾನವನ್ನು ಆಕ್ರಮಿಸಿದರೆ, ಮುಂದಿನ ಓದುಗನು ಓಲೆಯಲ್ಲಿರುವುದನ್ನು ಓದದೆ ಪಠ್ಯಪುಸ್ತಕದಲ್ಲಿರುವುದನ್ನೇ ಓಲೆಯಲ್ಲಿ ಕಾಣುವನು. ಅಂಕಸಂದೃಷ್ಟಿಯ ಸ್ಥಳಗಳಲ್ಲಿ ಪಾಠವನ್ನು ನಿರ್ಣಯಿಸುವಾಗ ಇದರ ಅಪಾಯ ಇನ್ನೂ ಹೆಚ್ಚು. ಅನಂತದ ಅರ್ಧವೂ ಅನಂತಕ್ಕೆ ಸಮಾನವೆಂಬ ಆಧುನಿಕ ಸಂಸ್ಕಾರವುಳ್ಳ ಸಂಪಾದಕನಿಗೆ, ಸಮಧಾರೆಯ ಸ್ಥಾನಗಳು ಅರ್ಧವೆಂಬ ಶುದ್ಧಪಾಠವೇ ಲಿಪಿಕಾರನ ಪ್ರಮಾದವಾಗಿ ತೋರೀತು.

ವಸ್ತುವನ್ನು ಇದ್ದುದಕ್ಕಿಂತ ಹೆಚ್ಚಾಗಿಯೂ ಅಲ್ಲ, ಕಡಿಮೆಯಾಗಿಯೂ ಅಲ್ಲ, ಇದ್ದಂತೆಯೇ ಅರಿಯುವುದು ಸಮ್ಯಗ್ಜ್ಞಾನವೆಂದು ಸಮಂತಭದ್ರಸ್ವಾಮಿಗಳು ರತ್ನಕರಂಡಕದಲ್ಲಿ ಲಕ್ಷಣ ಹೇಳಿದ್ದಾರೆ. ಆ ಲಕ್ಷಣವು ಶಾಸ್ತ್ರದ ಇತಿಹಾಸಕ್ಕೂ ಅನ್ವಯಿಸುತ್ತದೆ. ಅನಂತಗಳಲ್ಲಿ ತಾರತಮ್ಯವಿದೆಯೆಂದು ಧೈರ್ಯವಾಗಿ ಸಾರಿ, ಅಂಶವು ಅಂಶಿಗಿಂತ ಕಡಿಮೆಯೆಂಬ ನಿಯಮವನ್ನೂ ಬಿಡದೆ, ಒಂದು ಸುಸಂಬದ್ಧ ಪ್ರಮಾಣಶಾಸ್ತ್ರವನ್ನು ಕಟ್ಟಿದ ಆಚಾರ್ಯರ ಕೀರ್ತಿಗೆ ಕ್ಯಾಂಟರನ ಹೆಸರಿನ ಆಸರೆ ಬೇಕಿಲ್ಲ. ಗಣಸಿದ್ಧಾಂತವು ಈ ಗ್ರಂಥಗಳ ಮುಂದೆ ಹಿಡಿಯಬೇಕಾದ ದೀಪ. ಅದು ಗ್ರಂಥದ ಬದಲಿಗೆ ಪೀಠದ ಮೇಲೆ ಕೂರಬಾರದು.